ಯಾರ ಪಟ್ಟಿಯಲ್ಲಿಯೂ ಇಲ್ಲದ ಜಾಲತಾಣ

ನಾಲ್ಕು ಆ್ಯಪ್‌ಗಳು ಉಚಿತವಾಗಿ ಸಿಗುವುದಾದರೆ ನನ್ನಂಥ ಸಾಮಾನ್ಯ ಬಳಕೆದಾರನಿಗೆ ನೆಟ್ ನ್ಯೂಟ್ರಾಲಿಟಿ, ಅಂದರೆ ಸಂಪರ್ಕ ಕೊಡುವ ಕಂಪನಿ ಎಲ್ಲ ತಾಣಗಳನ್ನೂ ಒಂದೇ ರೀತಿ ಕಾಣಬೇಕೆಂಬ ತತ್ತ್ವ, ಏಕೆ ಬೇಕು ಎಂದು ನೀವು ಕೇಳಿದ್ದೀರಿ. 2014ರಲ್ಲಿ ನಾನು ಇದೇ ಮಾತನ್ನು ನಮ್ಮ ಶಾಲೆಯ ಸ್ಟಾಫ್ ರೂಮಿನಲ್ಲಿ ಹೇಳಿದ್ದೆ. ಹೇಳಿದ್ದಷ್ಟೇ ಅಲ್ಲ, ಅದನ್ನೇ ನಂಬಿ ನಡೆದುಕೊಂಡೆ.

ನಾನು ಕಾಸರಗೋಡು ಜಿಲ್ಲೆಯ ಪೆರ್ಲದ ಆಸುಪಾಸಿನ ಪ್ರೌಢಶಾಲೆಯೊಂದರಲ್ಲಿ ಕನ್ನಡ ಮಾಧ್ಯಮದ ಮಕ್ಕಳಿಗೆ ಗಣಿತ ಕಲಿಸುತ್ತೇನೆ. ನಮ್ಮ ಮಕ್ಕಳು ಬರೆಯುವುದು ಕೇರಳದ ಎಸ್‌ಎಸ್‌ಎಲ್‌ಸಿ, ಓದುವುದು ಕೇರಳದ ಪಠ್ಯ, ಆದರೆ ಕನ್ನಡದಲ್ಲಿ. ಪುತ್ತೂರಿನ ಅಂಗಡಿಯಲ್ಲಿ ಸಿಗುವ ಕನ್ನಡದ ಗೈಡು ಕರ್ನಾಟಕದ ಪಠ್ಯಕ್ರಮದ್ದು. ಕಾಸರಗೋಡಿನ ಅಂಗಡಿಯಲ್ಲಿ ಸಿಗುವ ಕೇರಳ ಪಠ್ಯದ ಗೈಡು ಮಲಯಾಳದ್ದೋ ಇಂಗ್ಲಿಷಿನದ್ದೋ ಆಗಿರುತ್ತದೆ. ಈ ಎರಡರ ನಡುವೆ ಬರಿಗೈಯಲ್ಲಿ ನಿಲ್ಲುವ ಮಕ್ಕಳಿಗಾಗಿ 2012ರಲ್ಲಿ ನಾನೂ ಸಮಾಜ ವಿಜ್ಞಾನದ ಸಹೋದ್ಯೋಗಿಯೊಬ್ಬರೂ ಸೇರಿ ಒಂದು ಸಣ್ಣ ಜಾಲತಾಣ ಮಾಡಿದೆವು. ಹಳೆಯ ಪ್ರಶ್ನೆಪತ್ರಿಕೆಗಳು, ಅವುಗಳಿಗೆ ಬಿಡಿಸಿದ ಉತ್ತರಗಳು, ಪಾಠವಾರು ಟಿಪ್ಪಣಿಗಳು, ಎಲ್ಲವನ್ನೂ ರಾತ್ರಿ ಕುಳಿತು ಟೈಪ್ ಮಾಡಿ ಪಿಡಿಎಫ್ ಮಾಡಿ ಹಾಕುತ್ತಿದ್ದೆವು.

ಎರಡು ವರ್ಷ ಕಳೆಯುವಷ್ಟರಲ್ಲಿ ಒಂದು ಮೊಬೈಲ್ ಕಂಪನಿಯ ಅಗ್ಗದ ಪ್ಯಾಕ್ ನಮ್ಮ ಊರಿಗೆಲ್ಲ ಹರಡಿತು. ತಿಂಗಳಿಗೆ ಇಪ್ಪತ್ತು ಚಿಲ್ಲರೆ ರೂಪಾಯಿ ಕೊಟ್ಟರೆ ಒಂದು ಸಾಮಾಜಿಕ ಜಾಲತಾಣವೂ ಒಂದು ಸಂದೇಶದ ಆ್ಯಪ್ಪೂ ಎಷ್ಟು ಬಳಸಿದರೂ ಬೇರೆ ಖರ್ಚಿಲ್ಲ. ಆದರೆ ಅಲ್ಲಿಂದ ಹೊರಗಿನ ಯಾವುದೇ ಕೊಂಡಿಯನ್ನು ಒತ್ತಿದರೆ ಹತ್ತು ಕೆ.ಬಿ.ಗೆ 4 ಪೈಸೆಯಂತೆ ಮುಖ್ಯ ಬ್ಯಾಲೆನ್ಸಿನಿಂದ ಹಣ ಹೋಗುತ್ತಿತ್ತು. ಒಂದು ದಿನ ಹತ್ತನೆಯ ತರಗತಿಯ ಹುಡುಗಿಯೊಬ್ಬಳ ತಾಯಿ ಶಾಲೆಗೆ ಬಂದರು. ಬೀಡಿ ಕಟ್ಟಿ ಸಂಸಾರ ನಡೆಸುವವರು. "ಮಾಸ್ಟ್ರೇ, ನಿಮ್ಮ ಪಾಠ ತೆರೆದರೆ ನಮ್ಮ ದುಡ್ಡು ಹೋಗ್ತದೆ" ಎಂದು ಮೊಬೈಲಿನ ಸಂದೇಶವನ್ನು ನನ್ನ ಮುಂದೆ ಹಿಡಿದರು. ಮೂರು ಎಂ.ಬಿ.ಯ ತ್ರಿಕೋನಗಳ ಪಾಠಕ್ಕೆ 12 ರೂಪಾಯಿ ಹೋಗಿತ್ತು. ಅದೇ ಮೊಬೈಲಿನಲ್ಲಿ ಆಕೆಯ ಮಗಳು ಚಿತ್ರ, ಹಾಡು, ಹರಟೆಗಳನ್ನು ಬೇಕಾದಷ್ಟು ನೋಡಬಹುದಿತ್ತು. ಪಾಠಕ್ಕೆ ಮಾತ್ರ ದಂಡ.

ಅಂದು ನನಗೆ ಸಿಟ್ಟು ಬರಬೇಕಾಗಿದ್ದುದು ಆ ವ್ಯವಸ್ಥೆಯ ಮೇಲೆ. ನನಗೆ ನಾಚಿಕೆಯಾದದ್ದು ನನ್ನ ಜಾಲತಾಣದ ಬಗ್ಗೆ. ಟಿಪ್ಪಣಿಗಳನ್ನೆಲ್ಲ ಪುಟಪುಟವಾಗಿ ಫೋಟೋ ಮಾಡಿ, ಆ ಪ್ಯಾಕಿನೊಳಗೆ ಬರುವ ಸಾಮಾಜಿಕ ಜಾಲತಾಣದಲ್ಲಿ ಒಂದು ಪೇಜ್ ತೆರೆದು ಹಾಕಿದೆ. ಮಕ್ಕಳಿಗೆ ಸಂತೋಷವಾಯಿತು, ತಾಯಂದಿರಿಗೂ ಸಂತೋಷವಾಯಿತು. ಇಲ್ಲಿಯವರೆಗೆ ನಾನು ಮಾಡಿದ್ದರಲ್ಲಿ ದೊಡ್ಡ ತಪ್ಪೇನಿಲ್ಲ ಎಂದೇ ಇಂದಿಗೂ ಭಾವಿಸುತ್ತೇನೆ.

ತಪ್ಪು ಆದದ್ದು 2015ರ ಮೇ ತಿಂಗಳಲ್ಲಿ. ತಾಣದ ವಿಳಾಸವಾದ ಡೊಮೇನ್ ಹೆಸರನ್ನು ನವೀಕರಿಸಬೇಕೆಂಬ ಮಿಂಚಂಚೆ ಬಂತು. ಕೇಳಿದ್ದು ಆರುನೂರು ಚಿಲ್ಲರೆ ರೂಪಾಯಿ. ನನ್ನ ಬಳಿ ಹಣವಿರಲಿಲ್ಲವೆಂದಲ್ಲ, ಮರೆತೆನೆಂದೂ ಅಲ್ಲ, ಯೋಚಿಸಿಯೇ ಬಿಟ್ಟುಬಿಟ್ಟೆ. ಓದುವವರೆಲ್ಲ ಪೇಜಿಗೇ ಬರುತ್ತಿರುವಾಗ ಯಾರೂ ತೆರೆಯದ ತಾಣಕ್ಕೆ ವರ್ಷವರ್ಷ ಏಕೆ ದುಡ್ಡು ಕಟ್ಟಬೇಕು ಎಂಬುದು ನನ್ನ ಲೆಕ್ಕ. ಆ ಲೆಕ್ಕದಲ್ಲಿ ನಾನು ನಾಲ್ಕು ಸಂಗತಿಗಳನ್ನು ಕಾಣಲಿಲ್ಲ. ಯಾರೂ ತೆರೆಯದಿದ್ದುದು ತಾಣ ಕೆಟ್ಟದ್ದೆಂದಲ್ಲ, ಅದನ್ನು ತೆರೆಯುವುದನ್ನು ದುಬಾರಿ ಮಾಡಿದ್ದರಿಂದ ಎಂಬುದು ಒಂದು. ಪೇಜಿಗೆ ಏರಿಸಿದ ಫೋಟೋಗಳು ಕುಗ್ಗಿ, ಆಕೃತಿಗಳ ಮೇಲಿನ ಅಕ್ಷರಗಳು ಮಸುಕಾಗಿ, ಯಾವ ಕೋನ ಯಾವುದೆಂದು ತಿಳಿಯದಂತಾಗಿದ್ದವು ಎಂಬುದು ಇನ್ನೊಂದು. ಮೂರನೆಯದಾಗಿ, ಮೂಲ ಪಿಡಿಎಫ್‌ಗಳ ಏಕೈಕ ಪೂರ್ಣ ಪ್ರತಿ ಇದ್ದದ್ದು ಆ ತಾಣದ ಸರ್ವರಿನಲ್ಲಿ, ಏಕೆಂದರೆ ಸಹೋದ್ಯೋಗಿಯ ಲ್ಯಾಪ್‌ಟಾಪ್ ಹಿಂದಿನ ಮಳೆಗಾಲದಲ್ಲೇ ಕೆಟ್ಟಿತ್ತು. ನಾಲ್ಕನೆಯದು ಎಲ್ಲಕ್ಕಿಂತ ದೊಡ್ಡದು: ಆ ಪ್ಯಾಕ್ ನನ್ನದಲ್ಲ. ಅದನ್ನು ಕೊಡುವವರು ಯಾವ ದಿನ ಬೇಕಾದರೂ ನಿಲ್ಲಿಸಬಹುದಿತ್ತು.

2016ರ ಜನವರಿಯಲ್ಲಿ ಅವರು ಅದನ್ನು ನಿಲ್ಲಿಸಿಯೇಬಿಟ್ಟರು. ರೀಚಾರ್ಜ್ ಮಾಡಿಸಲು ಹೋದವರಿಗೆ ಅಂಗಡಿಯಾತ "ಆ ಪ್ಯಾಕ್ ಈಗ ಇಲ್ಲ" ಎಂದನಂತೆ. ಪರೀಕ್ಷೆಗೆ ಎರಡು ತಿಂಗಳೂ ಉಳಿದಿರಲಿಲ್ಲ. ಹಳೆಯ ತಾಣವನ್ನೇ ಮತ್ತೆ ತೆರೆಯೋಣವೆಂದು ಹೋದರೆ ಸರ್ವರಿನಲ್ಲಿದ್ದುದೆಲ್ಲ ಅಳಿಸಿಹೋಗಿತ್ತು, ನಮ್ಮ ಹೆಸರನ್ನು ಬೇರೆ ಯಾರೋ ಕೊಂಡು ಜಾಹೀರಾತುಗಳನ್ನು ತುಂಬಿದ್ದರು. ಆ ವರ್ಷದ ಮಕ್ಕಳು ಜೆರಾಕ್ಸ್ ಪ್ರತಿಗಳನ್ನು ಹಂಚಿಕೊಂಡು ಪರೀಕ್ಷೆಗೆ ಹೋದರು. ಮೂರು ವರ್ಷದ ಕೆಲಸದಲ್ಲಿ ನಮ್ಮ ಕೈಯಲ್ಲಿ ಉಳಿದದ್ದು ಮಸುಕಾದ ಫೋಟೋಗಳು ಮಾತ್ರ.

ನೆಟ್ ನ್ಯೂಟ್ರಾಲಿಟಿ ಏನೆಂಬುದನ್ನು ನಾನು ಓದಿದ್ದು ಆ ಮೇಲೆ. ಆ ಹೆಸರನ್ನು 2003ರಲ್ಲಿ ಬಳಕೆಗೆ ತಂದವರು ಅಮೆರಿಕದ ಕಾನೂನು ಪ್ರಾಧ್ಯಾಪಕ ಟಿಮ್ ವು. ಅದರ ಅರ್ಥವನ್ನು ನಮ್ಮ ಬಸ್ಸಿನಲ್ಲೇ ಕಾಣಬಹುದು. ಪೆರ್ಲದಿಂದ ಕಾಸರಗೋಡಿಗೆ ಹೊರಟರೆ ಕಂಡಕ್ಟರ್ ದೂರ ನೋಡಿ ಟಿಕೆಟ್ ಕೊಡುತ್ತಾರೆ. ಇಳಿದ ಮೇಲೆ ನೀವು ಯಾವ ಬಟ್ಟೆ ಅಂಗಡಿಗೆ ಹೋಗುತ್ತೀರಿ ಎಂದು ಕೇಳುವುದಿಲ್ಲ. ಪೇಟೆಯ ದೊಡ್ಡ ಅಂಗಡಿಯವರು ಬಸ್ಸಿನ ಮಾಲೀಕರೊಡನೆ ಒಪ್ಪಂದ ಮಾಡಿಕೊಂಡು, ತಮ್ಮ ಅಂಗಡಿಗೆ ಬರುವವರಿಗೆ ಟಿಕೆಟ್ ಬೇಡ, ಉಳಿದವರಿಗೆ ಪೂರ್ಣ ದರ ಎಂದು ಮಾಡಿದರೆ ಮೊದಲ ವಾರ ಎಲ್ಲರಿಗೂ ಹಬ್ಬವೇ. ಆದರೆ ಬದಿಯಡ್ಕದ ಸಣ್ಣ ಅಂಗಡಿಯಾತ ಒಳ್ಳೆಯ ಬಟ್ಟೆಯನ್ನು ಕಡಿಮೆ ದರಕ್ಕೆ ಇಟ್ಟರೂ ಅವನ ಅಂಗಡಿಗೆ ಕಾಲಿಡುವವರಿರುವುದಿಲ್ಲ. ಅಂತರ್ಜಾಲದಲ್ಲಿಯೂ ಇಷ್ಟೇ: ಸಂಪರ್ಕ ಕೊಡುವ ಕಂಪನಿ ನೀವು ಯಾವ ತಾಣಕ್ಕೆ ಹೋಗುತ್ತೀರಿ ಎಂದು ನೋಡಿ ದರ ಬದಲಿಸಬಾರದು, ವೇಗ ತಗ್ಗಿಸಬಾರದು, ತಡೆಯಬಾರದು. ಹೆಚ್ಚು ವೇಗಕ್ಕೆ, ಹೆಚ್ಚು ಡೇಟಾಕ್ಕೆ ಹೆಚ್ಚು ಹಣ ಕೇಳುವುದನ್ನು ಈ ತತ್ತ್ವ ವಿರೋಧಿಸುವುದಿಲ್ಲ. ಹಲವರು ಇಲ್ಲಿಯೇ ತಪ್ಪು ತಿಳಿಯುತ್ತಾರೆ.

ನಾನು ತಾಣವನ್ನು ಕೈಬಿಟ್ಟ ಅದೇ ವರ್ಷ ದೇಶದಲ್ಲಿ ಈ ವಿಷಯದ ಮೇಲೆ ದೊಡ್ಡ ಚರ್ಚೆ ನಡೆಯುತ್ತಿತ್ತು ಎಂಬುದನ್ನು ನೆನೆದರೆ ಈಗಲೂ ಸಂಕಟವಾಗುತ್ತದೆ. ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವಾದ ಟ್ರಾಯ್ 2015ರ ಮಾರ್ಚ್ 27ರಂದು ಜನರ ಅಭಿಪ್ರಾಯ ಕೇಳಿ ಸಮಾಲೋಚನಾ ಪತ್ರ ಹೊರಡಿಸಿದಾಗ ಹತ್ತು ಲಕ್ಷಕ್ಕೂ ಹೆಚ್ಚು ಮಿಂಚಂಚೆಗಳು ಹೋದವು. ನನ್ನದು ಅವುಗಳಲ್ಲಿ ಇರಲಿಲ್ಲ. ಏಪ್ರಿಲ್‌ನಲ್ಲಿ ಫ್ಲಿಪ್‌ಕಾರ್ಟ್, ಆ್ಯಪ್‌ನವರೇ ಡೇಟಾದ ಹಣ ಕೊಟ್ಟು ಬಳಕೆದಾರರಿಗೆ ಉಚಿತವಾಗಿಸುವ 'ಏರ್‌ಟೆಲ್ ಝೀರೋ' ಯೋಜನೆಯಿಂದ ಹಿಂದೆ ಸರಿಯಿತು. ಡಿಸೆಂಬರ್‌ನಲ್ಲಿ ಫೇಸ್‌ಬುಕ್, ಆಯ್ದ ಕೆಲವು ತಾಣಗಳನ್ನಷ್ಟೇ ಉಚಿತವಾಗಿ ಕೊಡುವ ತನ್ನ 'ಫ್ರೀ ಬೇಸಿಕ್ಸ್' ಪರವಾಗಿ ಟ್ರಾಯ್‌ಗೆ ಕಳುಹಿಸಲು ಸಿದ್ಧ ಸಂದೇಶವೊಂದನ್ನು ಬಳಕೆದಾರರ ಮುಂದಿಟ್ಟಾಗ, ಬಡವರಿಗೆ ಉಚಿತ ಅಂತರ್ಜಾಲ ಎಂಬ ಮಾತಿಗೆ ಒಲಿದು ನಾನೂ ಅದನ್ನು ಒತ್ತಿದೆ. ಆ ಸಿದ್ಧ ಸಂದೇಶಗಳು ತಾನು ಕೇಳಿದ ಪ್ರಶ್ನೆಗಳಿಗೆ ಉತ್ತರವೇ ಅಲ್ಲವೆಂದು ಟ್ರಾಯ್ ಆಮೇಲೆ ಹೇಳಿತು. ನಾನು ಆ ಪ್ರಶ್ನೆಗಳನ್ನು ಓದಿಯೂ ಇರಲಿಲ್ಲ.

2016ರ ಫೆಬ್ರವರಿ 8ರಂದು ಟ್ರಾಯ್ ನಿಯಮ ಹೊರಡಿಸಿತು: ಯಾವ ತಾಣ ಅಥವಾ ಯಾವ ಆ್ಯಪ್ ಎಂಬುದರ ಮೇಲೆ ಡೇಟಾಕ್ಕೆ ಬೇರೆ ಬೇರೆ ದರ ವಿಧಿಸುವಂತಿಲ್ಲ, ತುರ್ತು ಸೇವೆಗಳಿಗೆ ವಿನಾಯಿತಿ, ಮೀರಿದರೆ ದಿನಕ್ಕೆ 50,000 ರೂಪಾಯಿಯಂತೆ ಗರಿಷ್ಠ 50 ಲಕ್ಷದವರೆಗೆ ದಂಡ. ತಡೆಯುವುದನ್ನೂ ವೇಗ ತಗ್ಗಿಸುವುದನ್ನೂ ನಿಷೇಧಿಸುವ ತತ್ತ್ವವನ್ನು ಕೇಂದ್ರ ಸರ್ಕಾರ 2018ರ ಜುಲೈನಲ್ಲಿ ಒಪ್ಪಿತು. ಉಚಿತ ಪ್ಯಾಕ್ ಹೋದರೆ ಬಡವರ ಗತಿಯೇನು ಎಂದು ವಾದಿಸಿದವರಿಗೆ ಉತ್ತರ 2016ರಲ್ಲೇ ಸಿಕ್ಕಿತ್ತು. ಸೆಪ್ಟೆಂಬರ್‌ನಲ್ಲಿ ಜಿಯೋ ಬಂದು ಸ್ಪರ್ಧೆ ಹೆಚ್ಚಿ ಡೇಟಾದ ದರ ಇಳಿದಾಗ ನಮ್ಮ ಬೀಡಿ ಕಟ್ಟುವ ತಾಯಂದಿರಿಗೆ ಸಿಕ್ಕಿದ್ದು ಕಂಪನಿ ಆರಿಸಿಕೊಟ್ಟ ತುಣುಕಲ್ಲ, ಪೂರ್ತಿ ಅಂತರ್ಜಾಲ. ಬಡವರಿಗೆ ಬೇಕಾದದ್ದು ಕಡಿಮೆ ದರವೇ ಹೊರತು ಕಡಿಮೆ ಅಂತರ್ಜಾಲವಲ್ಲ ಎಂಬುದರಲ್ಲಿ ನನಗೆ ಎಳ್ಳಷ್ಟೂ ಸಂಶಯವಿಲ್ಲ.

ಆದ್ದರಿಂದ ನಿಮ್ಮ ಪ್ರಶ್ನೆಯ ತಳಹದಿಯನ್ನೇ ನಾನು ಒಪ್ಪುವುದಿಲ್ಲ. ನೀವು 'ಸಾಮಾನ್ಯ ಬಳಕೆದಾರ' ಎಂದು ಬರೆದುಕೊಂಡಿದ್ದೀರಿ. ಅದೇ ಪ್ರಶ್ನೆಯಲ್ಲಿ ಮನೆಯವರು ಮಾಡುವ ಹಲಸಿನ ಹಪ್ಪಳಕ್ಕೆ ವಾಟ್ಸ್‌ಆ್ಯಪ್‌ನಲ್ಲಿ ಆರ್ಡರ್ ಹಿಡಿಯುತ್ತೇನೆ ಎಂದೂ ಬರೆದಿದ್ದೀರಿ. ಹಾಗಾದರೆ ನೀವು ಮಾರುವವರೂ ಹೌದು, ನಾಳೆ ನಿಮ್ಮದೇ ಒಂದು ತಾಣ ಬೇಕಾದೀತು. ಉಚಿತದ ಪಟ್ಟಿಯನ್ನು ಯಾರು ಮಾಡಿದರೂ ಅದರಲ್ಲಿ ಕಾಸರಗೋಡಿನ ಹಪ್ಪಳ ಇರುವುದಿಲ್ಲ, ಕೇರಳ ಪಠ್ಯದ ಕನ್ನಡ ಟಿಪ್ಪಣಿ ಇರುವುದಿಲ್ಲ. ತಿರುವನಂತಪುರದವರ ಎಣಿಕೆಯಲ್ಲಿ ನಾವು ಮಲಯಾಳದವರಲ್ಲ, ಬೆಂಗಳೂರಿನವರ ಎಣಿಕೆಯಲ್ಲಿ ಕರ್ನಾಟಕದವರಲ್ಲ. ಗಡಿಯ ಕನ್ನಡಿಗರಿಗೆ ಪಟ್ಟಿಯ ಹೊರಗೆ ಉಳಿಯುವುದು ಹೊಸತೇನೂ ಅಲ್ಲ. ಅಂತರ್ಜಾಲದಲ್ಲಾದರೂ ಪಟ್ಟಿಯೇ ಇರಬಾರದು ಎಂದು ನಾನು ಹಟ ಹಿಡಿಯುವುದು ಇದಕ್ಕಾಗಿ.

ಈಗಿನ ಕೆಲವು ರೀಚಾರ್ಜುಗಳೊಡನೆ ಸಿನಿಮಾ ಆ್ಯಪ್‌ಗಳ ಚಂದಾ ಸೇರಿರುವುದನ್ನು ನೀವು ಪ್ರಸ್ತಾಪಿಸಿದ್ದೀರಿ. ನೋಡುವಾಗ ಡೇಟಾ ಎಂದಿನಂತೆ ಲೆಕ್ಕಕ್ಕೆ ಬರುತ್ತಿದ್ದರೆ ಅದು ಬೇರೆ ವಿಷಯ, ನಿಯಮ ತಡೆಯುವುದು ಡೇಟಾದ ದರದಲ್ಲಿನ ಭೇದವನ್ನು. 'ಈ ಆ್ಯಪ್‌ಗೆ ಡೇಟಾ ಲೆಕ್ಕವಿಲ್ಲ' ಎಂಬ ಸಾಲು ಕಂಡರೆ ಮಾತ್ರ ಎಚ್ಚರಗೊಳ್ಳಿ, ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಂಡು ಕಂಪನಿಗೂ ಟ್ರಾಯ್‌ಗೂ ಬರೆಯಿರಿ. ನಿಯಮ ಬಂದಾಯಿತಲ್ಲ ಎಂದು ಸುಮ್ಮನಿರಬೇಡಿ. ಅಮೆರಿಕದಲ್ಲಿ 2015ರಲ್ಲಿ ಬಂದ ನಿಯಮವನ್ನು 2017ರಲ್ಲಿ ತೆಗೆದುಹಾಕಿದರು, 2024ರಲ್ಲಿ ಮರಳಿ ತಂದದ್ದನ್ನು 2025ರ ಜನವರಿಯಲ್ಲಿ ನ್ಯಾಯಾಲಯ ರದ್ದು ಮಾಡಿತು. ಟ್ರಾಯ್ ಮುಂದೆ ಅಭಿಪ್ರಾಯ ಕೇಳಿದಾಗ ಪ್ರಶ್ನೆಗಳನ್ನು ಓದಿ, ನಿಮ್ಮ ಹಪ್ಪಳದ ಕಥೆಯನ್ನು ನಿಮ್ಮದೇ ಮಾತಿನಲ್ಲಿ ಬರೆಯಿರಿ. ಹೆಸರು ಕೊಂಡು ಒಂದು ಪುಟದ ತಾಣವನ್ನಾದರೂ ಈಗಲೇ ಮಾಡಿಡಿ, ನವೀಕರಣದ ತಾರೀಖನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿ.

ನಾನು 2017ರಲ್ಲಿ ಬೇರೆ ಹೆಸರು ಕೊಂಡು ಮೊದಲ ಪಾಠದಿಂದ ಮತ್ತೆ ಟೈಪ್ ಮಾಡಲು ಕುಳಿತೆ. ತ್ರಿಕೋನಗಳ ಪಾಠವನ್ನು ಎಲ್ಲಕ್ಕಿಂತ ಮೊದಲು ಮುಗಿಸಿ, ಅಕ್ಷರಗಳು ಸ್ಪಷ್ಟವಾಗಿ ಕಾಣುವಂತೆ ಆಕೃತಿಗಳನ್ನು ಹೊಸದಾಗಿ ಬರೆದೆ. ಕಳೆದ ಮಾರ್ಚ್‌ನಲ್ಲಿ ಗಣಿತ ಪರೀಕ್ಷೆಯ ಹಿಂದಿನ ರಾತ್ರಿ ಹನ್ನೊಂದು ಗಂಟೆಗೆ ಆ ಒಂದು ಪುಟವನ್ನು 63 ಮೊಬೈಲ್‌ಗಳು ತೆರೆದಿಟ್ಟುಕೊಂಡಿದ್ದವು.