ಲಾರಿ ನಿಂತಿದ್ದಕ್ಕೆ ಚೀಟಿ ಕೇಳಿದವ್ರು ಕಾರಣನಾ?

ಬಳ್ಳಾರಿ ಜಿಲ್ಲೆಯ ಕಬ್ಬಿಣದ ಅದಿರಿನ ಗಣಿ ಊರು ಸಂಡೂರು ಕಡೆಯ ಓದುಗರೊಬ್ರು ನಾಲ್ಕು ಪುಟದ ಪತ್ರ ಬರ್ದಿದಾರೆ. ಹೆಸರು ಹಾಕ್ಬೇಡಿ ಅಂದಿದಾರೆ, ಹಾಕಿಲ್ಲ. ಹೋದ ಸಂಚಿಕೇಲಿ ನಾನು "ಸರ್ಕಾರದ ಲೆಕ್ಕ ಜನರ ಕಣ್ಣಿಗೆ ಬೀಳೋ ಊರಲ್ಲೇ ದುಡ್ಡು ನಿಲ್ಲೋದು" ಅಂತ ಬರ್ದಿದ್ದು ಓದಿ ಅವ್ರಿಗೆ ಸಿಟ್ಟು ಬಂದಿದೆ. ಪತ್ರದ ತಿರುಳು ಇಷ್ಟು: 2011ಕ್ಕೆ ಮುಂಚೆ ಊರಲ್ಲಿ ಕೈತುಂಬ ಕೆಲ್ಸ ಇತ್ತು, ಅವ್ರೂ ಅವ್ರಣ್ಣನೂ ಸೇರಿ ಸಾಲ ಮಾಡಿ ಎರಡು ಲಾರಿ ತಗೊಂಡಿದ್ರು, ಆಮೇಲೆ ಅಕ್ರಮ ಗಣಿಗಾರಿಕೆ ಬಗ್ಗೆ ಲೋಕಾಯುಕ್ತ ವರದಿ ಬಂತು, ಸುಪ್ರೀಂ ಕೋರ್ಟು ಗಣಿ ನಿಲ್ಲಿಸ್ತು, ಒಂದು ಲಾರಿ ಫೈನಾನ್ಸ್‌ನೋರು ಎತ್ಕೊಂಡ್ ಹೋದ್ರು, ಇನ್ನೊಂದು ಗುಜರಿಗೆ ಹೋಯ್ತು. "ನಿಮ್ಮ ಪಾರದರ್ಶಕತೆ ನಮ್ಮ ಅನ್ನ ಕಿತ್ಕೊಳ್ತು ಸಾರ್. ಬೆಂಗಳೂರಲ್ಲಿ ಕೂತು ಬರೆಯೋರಿಗೆ ಇದೆಲ್ಲ ಗೊತ್ತಾಗಲ್ಲ."

ಕೊನೇ ಮಾತು ಒಪ್ಕೋತೀನಿ ಸಾರ್. ನನಗೆ ಸಂಬಳ ತಿಂಗಳಿಗೊಂದ್ಸಲ ಬರತ್ತೆ, ಗಣಿ ನಡೀಲಿ ನಿಲ್ಲಲಿ. ಆದ್ರೂ ನಿಮ್ಮ ರಸ್ತೆ ನಾನೂ ಒಂದ್ಸಲ ನೋಡಿದೀನಿ, ಅಲ್ಲಿಂದಲೇ ಶುರು ಮಾಡ್ತೀನಿ.

2008ರ ಬೇಸಿಗೆ. ಹೊಸಪೇಟೆಯಿಂದ ಅಂಕೋಲಾಕ್ಕೆ ಬಸ್ಸಲ್ಲಿ ಹೊರಟಿದ್ದೆ, ಯಲ್ಲಾಪುರ ದಾಟಿ ಅರಬೈಲ್ ಘಾಟಲ್ಲಿ ಬಸ್ಸು ನಿಂತಿದ್ದು ನಿಂತೇ ಹೋಯ್ತು, ಮುಂದೂ ಅದಿರು ಲಾರಿ ಹಿಂದೂ ಅದಿರು ಲಾರಿ, ರಸ್ತೆ ಪಕ್ಕದ ಮರದ ಎಲೆ ಎಲ್ಲ ಇಟ್ಟಿಗೆ ಪುಡಿ ಎರಚಿದ ಹಾಗೆ ಕೆಂಪಗೆ. ಇಳಿದು ಒಬ್ಬ ಡ್ರೈವರ್ ಜೊತೆ ಬೀಡಿ ಸೇದ್ತಾ ಮಾತಿಗೆ ಕೂತೆ. ಡ್ಯಾಶ್‌ಬೋರ್ಡ್ ಮೇಲೆ ದೇವರ ಫೋಟೋ ಹಿಂದೆ ಸಿಕ್ಕಿಸಿದ್ದ ಪರ್ಮಿಟ್ ತೆಗೆದು ತೋರಿಸ್ದ, ಅದ್ರಲ್ಲಿ 10 ಟನ್ ಅಂತಿತ್ತು. ಲೋಡ್ ಎಷ್ಟಪ್ಪಾ ಅಂದೆ. "ಹದಿನೇಳು ಇರ್ಬೋದು." ಮತ್ತೆ ಉಳಿದಿದ್ದಕ್ಕೆ ಚೀಟಿ? ಅವ್ನು ನಕ್ಕ. "ಚೀಟಿ ಇರೋದು ಲಾರಿಗೆ ಸಾರ್, ಮಣ್ಣಿಗಲ್ಲ."

ಆ ಏಳು ಟನ್ ಯಾವ ಲೆಕ್ಕಕ್ಕೂ ಸೇರ್ಲಿಲ್ಲ. ಸೇರಿದ ಹತ್ತು ಟನ್ನಿಗೂ ಸರ್ಕಾರಕ್ಕೆ ಸಿಗ್ತಿದ್ದಿದ್ದು ಏನು? ಟನ್ನಿಗೆ ಮೂವತ್ತು ರೂಪಾಯಿನೂ ಮುಟ್ಟದ ರಾಯಲ್ಟಿ, ಅಂದ್ರೆ ಅದಿರು ತೆಗೆದಿದ್ದಕ್ಕೆ ಗಣಿಯವ್ರು ಸರ್ಕಾರಕ್ಕೆ ಕಟ್ಟೋ ಪಾಲು. ಅದೇ ಅದಿರು ಚೀನಾಕ್ಕೆ ಹೋಗೋವಾಗ ಟನ್ನಿಗೆ ಸಾವಿರಗಟ್ಟಲೆ. ಬೆಲೆಯ ಮೇಲೆ ಶೇಕಡಾ 10 ರಾಯಲ್ಟಿ ಅಂತ ಕೇಂದ್ರ ಸರ್ಕಾರ ಬದಲಾಯಿಸಿದ್ದು 2009ರ ಆಗಸ್ಟಲ್ಲಿ, ಅಷ್ಟೊತ್ತಿಗೆ ಗುಡ್ಡದ ಒಳ್ಳೇ ಪಾಲು ಹಡಗು ಹತ್ತಾಗಿತ್ತು. ಅಂಕೋಲಾ ಹತ್ತಿರದ ಬೇಲೆಕೇರಿ ಬಂದರಲ್ಲಿ ಅರಣ್ಯ ಇಲಾಖೆ ಜಪ್ತಿ ಮಾಡಿಟ್ಟಿದ್ದ ಲಕ್ಷಾಂತರ ಟನ್ ಅದಿರು 2010ರಲ್ಲಿ ಮಾಯ ಆಯ್ತಲ್ಲ, ಅದನ್ನ ನೆನೆಸ್ಕೊಂಡ್ರೆ ನನಗೆ ಈಗ್ಲೂ ನಗು ಬರತ್ತೆ, ಕಳ್ಳ ಜೇಬಲ್ಲಿ ಹಾಕ್ಕೊಂಡ್ ಹೋಗೋ ವಸ್ತುನಾ ಅದು?

ಆಗಿನ ಲೋಕಾಯುಕ್ತ ಸಂತೋಷ್ ಹೆಗ್ಡೆಯವ್ರು 2011ರ ಜುಲೈನಲ್ಲಿ ಕೊಟ್ಟ ವರದಿ ಸರ್ಕಾರಕ್ಕಾದ ನಷ್ಟ 16,085 ಕೋಟಿ ಅಂತ ಹೇಳ್ತು, ಎಲ್ರೂ ಆ ಅಂಕಿ ನೆನಪಿಟ್ಕೊಂಡಿದಾರೆ. ನನಗೆ ಅದಕ್ಕಿಂತ ಮುಖ್ಯ ಅನ್ಸಿದ್ದು ಅದ್ರಲ್ಲಿ ಬರೋ "ಝೀರೋ ರಿಸ್ಕ್" ಅನ್ನೋ ವ್ಯವಸ್ಥೆ. ಇಂತಿಷ್ಟು ಕೊಟ್ರೆ ಗಣಿಯಿಂದ ಬಂದರಿನ ತನಕ ಯಾರೂ ನಿಮ್ಮ ಲಾರಿ ತಡೆಯಲ್ಲ ಅನ್ನೋ ಗ್ಯಾರಂಟಿ. ನೋಡಿ, ವ್ಯಾಪಾರ ಅಂದ್ಮೇಲೆ ಗ್ಯಾರಂಟಿ ಯಾರಾದ್ರೂ ಕೊಡ್ಲೇಬೇಕು. ಕಾನೂನು, ಇಲಾಖೆ, ಸರ್ವೇ ಕಲ್ಲು, ಕೋರ್ಟು ಇವೆಲ್ಲ ಇರೋದು ಅದಕ್ಕೇ. ಅವು ಕೊಡದೇ ಇದ್ದಾಗ ಬೇರೆ ಯಾರೋ ಅಂಗಡಿ ತೆಗೆದು ಅದೇ ಗ್ಯಾರಂಟಿ ಮಾರ್ತಾರೆ. ಸರ್ವೇ ಕಲ್ಲು ಅಂದೆನಲ್ಲ, ಬಳ್ಳಾರಿ ಗಡೀಲಿ ಕರ್ನಾಟಕ ಎಲ್ಲಿ ಮುಗಿಯತ್ತೆ ಆಂಧ್ರ ಎಲ್ಲಿ ಶುರುವಾಗತ್ತೆ ಅನ್ನೋದೇ ಜಗಳ ಆಗಿ ಸುಪ್ರೀಂ ಕೋರ್ಟಿನ ತನಕ ಹೋಗಿ ಸರ್ವೇ ಆಫ್ ಇಂಡಿಯಾದವ್ರು ಬಂದು ಅಳೀಬೇಕಾಯ್ತು. ನನ್ನ ಲೀಸು ಎಲ್ಲಿ ತನಕ, ಎಷ್ಟು ದಿನ ಅಂತ ಖಾತ್ರಿ ಇಲ್ದೋನು ಏನ್ ಮಾಡ್ತಾನೆ? ರಾತ್ರಿ ಹಗಲು ಅಗೀತಾನೆ. ಇಪ್ಪತ್ತು ವರ್ಷಕ್ಕಾಗೋ ಕನ್ವೇಯರ್ ಬೆಲ್ಟು, ರೈಲ್ವೆ ಸೈಡಿಂಗು ಹಾಕ್ಸೋಕೆ ಅವ್ನಿಗೇನು ಹುಚ್ಚಾ? ಲಾರಿ ಮೇಲೆ ಲಾರಿ ಬಿಡ್ತಾನೆ. ಅದ್ರಲ್ಲಿ ಎರಡು ನಿಮ್ಮವು.

ಈಗ ನಿಮ್ಮ ಸಾಲದ ವಿಷ್ಯ. ನೀವು ಲಾರಿ ಬುಕ್ ಮಾಡ್ದಾಗ ನಿಮಗೆ ಗೊತ್ತಿರ್ಬೇಕಾಗಿದ್ದು ಮೂರೇ ಮಾತು: ನೀವು ಲೋಡ್ ಮಾಡೋ ಗಣಿಗೆ ಲೀಸು ಎಷ್ಟು ವರ್ಷ ಇದೆ, ಅರಣ್ಯ ಇಲಾಖೆ ಅನುಮತಿ ಇದೆಯಾ, ವರ್ಷಕ್ಕೆ ಎಷ್ಟು ಟನ್ ತೆಗೀಬೋದು. ಮೂರೂ ಸರ್ಕಾರಿ ಫೈಲಲ್ಲಿತ್ತು. ಗಣಿ ಮಾಲೀಕನಿಗೆ ಗೊತ್ತಿತ್ತು, ಅಧಿಕಾರಿಗೆ ಗೊತ್ತಿತ್ತು, ಪುಢಾರಿಗಂತೂ ಗೊತ್ತೇ ಇತ್ತು. ಗೊತ್ತಿಲ್ದೇ ಇದ್ದಿದ್ದು ಮನೆ ಪತ್ರ ಅಡ ಇಟ್ಟು ಇಎಂಐ ಕಟ್ತಿದ್ದ ನಿಮ್ಗೆ. ಗುಡ್ಡದ ಆಯಸ್ಸು ಎಷ್ಟು ಅಂತ ಗೊತ್ತಿದ್ದೋರು ದುಡ್ಡು ಮಾಡ್ಕೊಂಡು ಆಚೆ ಹೋದ್ರು, ಬ್ರೇಕ್ ಬಿದ್ದಾಗ ಗಾಡೀಲಿ ಇದ್ದಿದ್ದು ನೀವು. ನಿಮ್ಮ ಅನ್ನ ಕಿತ್ಕೊಂಡಿದ್ದು 2011ರ ವರದಿ ಅಂತೀರಿ, ನಾನಂತೂ ಆ ತಾರೀಖನ್ನ ನೀವು ಲಾರಿ ತಗೊಂಡ ದಿನಕ್ಕೇ ಹಾಕ್ತೀನಿ.

ಇಲ್ಲಿ ಬೋಟ್ಸ್‌ವಾನಾ ಕಥೆ ಹೇಳೋದು ಪದ್ಧತಿ. ವಜ್ರ ಸಿಕ್ಕಿದ ಬಡ ದೇಶ, ಕಂಪನಿ ಜೊತೆ ಅರ್ಧ ಅರ್ಧ ಪಾಲು, ಬಂದ ದುಡ್ಡು ಬಜೆಟ್ಟಿಗೆ ಬಂತು, ಅದೇ ವಜ್ರ ಇದ್ದ ಸಿಯೆರಾ ಲಿಯೋನ್ ಅಂತರ್ಯುದ್ಧಕ್ಕೆ ಬಿತ್ತು. 2024ರ ಅರ್ಥಶಾಸ್ತ್ರದ ನೊಬೆಲ್ಲೂ ಸಂಸ್ಥೆಗಳಿಂದ ದೇಶದ ಹಣೆಬರಹ ಹೇಗೆ ಬದಲಾಗತ್ತೆ ಅಂತ ಹುಡುಕಿದವ್ರಿಗೇ ಸಿಕ್ತು. ಇರ್ಲಿ ಬಿಡಿ, ಸಂಡೂರಿನೋರಿಗೆ ಆಫ್ರಿಕಾ ತೋರಿಸೋ ಅಗತ್ಯ ಇಲ್ಲ.

ನಿಮ್ಮ ಸಿಟ್ಟಲ್ಲಿ ನ್ಯಾಯ ಇರೋ ಜಾಗಕ್ಕೆ ಬರ್ತೀನಿ. ಗಣಿ ನಿಲ್ಲಿಸಿದ ರೀತಿ ಕೊಡಲಿ ಏಟಿನ ಹಾಗಿತ್ತು. 2011ರ ಜುಲೈ 29ಕ್ಕೆ ಬಳ್ಳಾರಿ, ಮುಂದಿನ ತಿಂಗಳು ಚಿತ್ರದುರ್ಗ ತುಮಕೂರು, ಕಾಯ್ದೆ ಪ್ರಕಾರ ನಡೆಸ್ತಿದ್ದವ್ನೂ ಕಳ್ಳನೂ ಒಟ್ಟಿಗೇ ಬಂದ್. ತೋರಣಗಲ್ಲಿನ ದೊಡ್ಡ ಉಕ್ಕಿನ ಕಾರ್ಖಾನೆನೇ ಉತ್ಪಾದನೆ ಇಳಿಸ್ತು, ಸ್ಪಾಂಜ್ ಐರನ್ ಮಾಡೋ ಸಣ್ಣ ಘಟಕಗಳು ಬಾಗ್ಲು ಹಾಕಿದ್ವು. ಆಮೇಲೆ ಗಣಿಗಳನ್ನ ಎ, ಬಿ, ಸಿ ಅಂತ ವಿಂಗಡಿಸಿ, ತೀರಾ ಕೆಟ್ಟ ಸಿ ಗುಂಪಿನ ಐವತ್ತರ ಹತ್ತಿರ ಲೀಸು ರದ್ದು ಮಾಡಿದ್ದು 2013ರ ಏಪ್ರಿಲ್ ತೀರ್ಪು. ಅಷ್ಟು ದಿನ ನಿಮ್ಮಂಥೋರು ಏನ್ ತಿನ್ಬೇಕು ಅಂತ ಯಾವ ಆದೇಶದಲ್ಲೂ ಬರ್ದಿರ್ಲಿಲ್ಲ. ಆದ್ರೆ ಹತ್ತು ವರ್ಷ ಮುಚ್ಚಿಟ್ಟಿದ್ದನ್ನ ಒಂದೇ ದಿನ ತೆಗೆದ್ರೆ ಹಾಗೇ ಆಗೋದು. ವರ್ಷಾವರ್ಷ ಲೆಕ್ಕ ಹೊರಗೆ ಬಂದಿದ್ರೆ ಒಂದೊಂದೇ ಗಣಿ ನಿಲ್ತಿತ್ತು, ಇಡೀ ಜಿಲ್ಲೆ ನಿಲ್ತಿರ್ಲಿಲ್ಲ.

ಅದಿರನ್ನ ಆನ್‌ಲೈನಲ್ಲಿ ಹರಾಜು ಹಾಕೋ ಇ-ಹರಾಜು ಬಂದ್ಮೇಲೆ ಒಂದು ಬದಲಾವಣೆ ಆಯ್ತು, ಅದನ್ನ ನೀವೂ ಪತ್ರದಲ್ಲಿ ಗೊಣಗ್ತಾ ಒಪ್ಕೊಂಡಿದೀರಿ: ಯಾವ ಗಣಿ, ಎಷ್ಟು ಟನ್, ಎಷ್ಟಕ್ಕೆ ಹೋಯ್ತು ಅನ್ನೋದು ಲೆಕ್ಕಕ್ಕೆ ಬಂತು. ಸರ್ಕಾರಕ್ಕೂ ದುಡ್ಡು ಬಂತು. ಮುಂದೆ? ಗಣಿಯಿಂದ ಹಾಳಾದ ಊರುಗಳನ್ನ ಸರಿ ಮಾಡೋಕೆ ಅಂತ ಕೋರ್ಟು ತೆಗೆದಿರಿಸಿದ ಸಾವಿರಾರು ಕೋಟಿ ವರ್ಷಗಟ್ಟಲೆ ಬ್ಯಾಂಕಲ್ಲಿ ಕೊಳೀತು, ಪುನಶ್ಚೇತನ ನಿಗಮ ಅಂತ 2014ರಲ್ಲೇ ಮಾಡಿದ್ರೂ ಯೋಜನೆಗೆ ಒಪ್ಪಿಗೆ ಸಿಗೋಷ್ಟೊತ್ತಿಗೆ 2022 ಬಂದಿತ್ತು. ಲೋಕಾಯುಕ್ತದ್ದೂ ಅದೇ ಹಾಡು. 2015ರಲ್ಲಿ ಆ ಕಚೇರೀಲೇ ಲಂಚದ ಗಲಾಟೆ ಎದ್ದು ಲೋಕಾಯುಕ್ತರೇ ರಾಜೀನಾಮೆ ಕೊಟ್ರು, ಮರುವರ್ಷ ಸರ್ಕಾರ ಎಸಿಬಿ (ಭ್ರಷ್ಟಾಚಾರ ನಿಗ್ರಹ ದಳ) ಅಂತ ಬೇರೆ ಮಾಡಿ ಲೋಕಾಯುಕ್ತದ ಹಲ್ಲು ಕಿತ್ತು ಕೂರಿಸ್ತು, 2022ರಲ್ಲಿ ಹೈಕೋರ್ಟು ಎಸಿಬಿ ರದ್ದು ಮಾಡಿ ಹಲ್ಲು ವಾಪಸ್ ಕೊಡಿಸ್ತು. ಹಿಂಗೆ ಆರು ವರ್ಷ ಹಲ್ಲಿಲ್ದೇ ಕೂತ ಸಂಸ್ಥೆನ ಯಾರು ನಂಬಿ ದೂರು ಕೊಡ್ತಾರೆ? ಹಾಗಾಗಿ "ಪಾರದರ್ಶಕತೆ ಬಂತು, ಊರು ಉದ್ಧಾರ ಆಯ್ತು" ಅಂತ ನಾನು ಹೋದ ಸಂಚಿಕೇಲಿ ಬರ್ದ ಧಾಟಿ ಸ್ವಲ್ಪ ಸಸಾರ ಆಯ್ತು, ಅದನ್ನ ವಾಪಸ್ ತಗೋತೀನಿ.

ಒಂದು ಕೆಲ್ಸ ಹೇಳ್ತೀನಿ, ಬೇಜಾರಾಗ್ಬೇಡಿ. 2015ರ ಗಣಿ ಕಾಯ್ದೆ ತಿದ್ದುಪಡಿ ಆದ್ಮೇಲೆ ಜಿಲ್ಲಾ ಖನಿಜ ಪ್ರತಿಷ್ಠಾನ ಅಂತಿದೆ. ಹಳೇ ಲೀಸಿನೋರು ರಾಯಲ್ಟಿಯ ಶೇಕಡಾ 30, ಹರಾಜಲ್ಲಿ ಗೆದ್ದೋರು ಶೇಕಡಾ 10 ಅದಕ್ಕೆ ಹೆಚ್ಚುವರಿ ಕಟ್ಬೇಕು, ಆ ದುಡ್ಡು ಗಣಿ ಬಾಧಿತ ಊರಿನ ನೀರು, ಶಾಲೆ, ಆಸ್ಪತ್ರೆಗೆ. ಪತ್ರದ ಕೊನೇಲಿ ನೀವೇ ಬರ್ದಿದೀರಲ್ಲ, ಊರ ಶಾಲೇಲಿ ಎರಡು ರೂಮು ಕಟ್ಟಿದಾರೆ, ಬಾಗ್ಲು ಇಲ್ಲ, ಬೋರ್ಡ್ ಮಾತ್ರ ಇದೆ ಅಂತ. ಆ ಬೋರ್ಡಲ್ಲಿ ಮೊತ್ತ ಎಷ್ಟಿದೆ ನೋಡಿ. ಆಮೇಲೆ ಒಂದು ಬಿಳಿ ಹಾಳೆ, ಹತ್ತು ರೂಪಾಯಿ ಪೋಸ್ಟಲ್ ಆರ್ಡರ್, ಮಾಹಿತಿ ಹಕ್ಕಲ್ಲಿ ಒಂದೇ ಪ್ರಶ್ನೆ: ಈ ಕಾಮಗಾರಿಯ ಅಂದಾಜು ಪಟ್ಟಿ, ಅಳತೆ ಪುಸ್ತಕ, ಬಿಲ್ಲು ಇವುಗಳ ನಕಲು ಕೊಡಿ. ಮೂವತ್ತು ದಿನ ಟೈಮಿದೆ ಅವ್ರಿಗೆ. ಅಂದಾಜು ಪಟ್ಟೀಲಿ ಬಾಗ್ಲು ಇದ್ದೇ ಇರತ್ತೆ ಅನ್ಸತ್ತೆ, ಯಾವ ಮರದ್ದು ಅಂತಾನೂ ಇರ್ಬೋದು.

ನಕಲು ಬಂದ್ರೆ ಫೋಟೋ ಜೊತೆ ಕಳ್ಸಿ. ನಿಮ್ಮ ಹೆಸರು ಬೇಡ ಅಂದ್ರೆ ಬೇಡ, ಬಾಗ್ಲಿಲ್ಲದ ರೂಮಿನ ಫೋಟೋ ಸಾಕು. ಎರಡು ಪುಟ ತೆಗೆದಿಟ್ಟಿರ್ತೀನಿ.

— ಸಂ.