‘ನಾಗರಹಾವು’ ನನಗೆ ಯಾಕೆ ಹಿಡಿಸಲಿಲ್ಲ, ನಮ್ಮಪ್ಪನಿಗೆ ಯಾಕೆ ಹಿಡಿಸಿತು

ಮನೆಮಂದಿಯೆಲ್ಲ ತಲೆ ಮೇಲೆ ಹೊತ್ತು ಮೆರೆಸುವ ಹಳೆಯ ಸಿನಿಮಾ ನಿಮಗೆ ಮಾತ್ರ ಮೈ ಉರಿಸುತ್ತದೆ, ಹಬ್ಬಕ್ಕೆ ಊರಿಗೆ ಹೋದಾಗಲೆಲ್ಲ ಅದನ್ನೇ ಹಾಕುತ್ತಾರೆ, ಒಂದೇ ಸಿನಿಮಾ ಒಬ್ಬೊಬ್ಬರಿಗೆ ಒಂದೊಂದು ಥರ ಯಾಕೆ, ಅದು ಕೆಟ್ಟದ್ದು ಅಂತ ಅವರನ್ನು ಒಪ್ಪಿಸುವುದು ಹೇಗೆ ಅಂತ ಕೇಳಿದ್ದೀರಿ. ಒಪ್ಪಿಸಲು ಹೋಗಬೇಡಿ. ನಾನು ಹೋಗಿದ್ದೆ. ಅವತ್ತು ವಾದದಲ್ಲಿ ಗೆದ್ದೆ ಅಂತಲೂ ಅಂದುಕೊಂಡಿದ್ದೆ. ಆಮೇಲಿಂದ ನನ್ನ ಚಿಕ್ಕಪ್ಪನ ಮಗಳು ನನ್ನ ಜೊತೆ ಮಾತು ಬಿಟ್ಟಿದ್ದಾಳೆ.

ನೀವು ಸಿನಿಮಾದ ಹೆಸರು ಬರೆದಿಲ್ಲ. ನನ್ನದು ‘ನಾಗರಹಾವು’.

ನಾವು ಚಿತ್ರದುರ್ಗದ ಕಡೆಯವರು. 1972ರಲ್ಲಿ ಪುಟ್ಟಣ್ಣ ಕಣಗಾಲ್ ನಮ್ಮ ಕೋಟೆಯಲ್ಲೇ, ನಮ್ಮ ಬಂಡೆಗಳ ಮೇಲೇ ಆ ಸಿನಿಮಾ ತೆಗೆದರು. ಕಥೆ ಬರೆದವರು ತಳುಕಿನವರಾದ ತರಾಸು. ಅವರ ‘ನಾಗರಹಾವು’, ‘ಒಂದು ಗಂಡು ಎರಡು ಹೆಣ್ಣು’, ‘ಸರ್ಪಮತ್ಸರ’ ಮೂರೂ ಕಾದಂಬರಿ ಸೇರಿಸಿ ಕಟ್ಟಿದ ಕಥೆ ಅದು. ಹಾಗಾಗಿ ನಮ್ಮ ಕಡೆ ಅದನ್ನು ಬೈದರೆ ಊರನ್ನೇ ಬೈದಂತೆ.

ಅಭಿಪ್ರಾಯ ಬೇರೆ ಬೇರೆ ಯಾಕೆ ಅಂದಿರಲ್ಲ, ನಮ್ಮ ಮನೆಯಲ್ಲಿ ಒಬ್ಬೊಬ್ಬರೂ ನೋಡುತ್ತಿದ್ದ ಸಿನಿಮಾವೇ ಬೇರೆ. ಅಜ್ಜಿ ನೋಡುತ್ತಿದ್ದದ್ದು ಒನಕೆ ಓಬವ್ವನ ಹಾಡಿಗೆ. ಜಯಂತಿ ಒನಕೆ ಹಿಡಿದು ಕಿಂಡಿಯ ಪಕ್ಕ ನಿಂತರೆ ಅಜ್ಜಿಯ ಬೆನ್ನು ನೆಟ್ಟಗಾಗುತ್ತಿತ್ತು. ಹಾಡು ಮುಗಿದ ಮೇಲೆ ಕಥಾನಾಯಕ ರಾಮಾಚಾರಿಗೆ ಏನಾಯಿತು ಅನ್ನುವುದು ಅವಳಿಗೆ ಬೇಕಿರಲಿಲ್ಲ, ಎದ್ದು ಅಡುಗೆಮನೆಗೆ ಹೋಗುತ್ತಿದ್ದಳು. ಸೋದರಮಾವ ವಿಷ್ಣುವರ್ಧನ್ ಭಕ್ತ. ನಾಯಕನಾಗಿ ವಿಷ್ಣುಗೆ ಅದು ಮೊದಲ ಸಿನಿಮಾ. ‘ಬಾರೆ ಬಾರೆ’ ಹಾಡು ಬಂದರೆ ಮಾವ ತಾನೂ ದನಿಗೂಡಿಸುತ್ತಿದ್ದ. ಚಿಕ್ಕಪ್ಪನಿಗೆ ಪುಂಡ ಜಲೀಲ. ಅಂಬರೀಶ್ ಸಿಗರೇಟು ಕಚ್ಚಿಕೊಂಡು ಅಲಮೇಲುವನ್ನು ಅಡ್ಡಗಟ್ಟಿ ‘ಏ ಬುಲ್ ಬುಲ್, ಮಾತಾಡಕಿಲ್ವಾ’ ಅನ್ನುವ ಮಾತನ್ನು ಚಿಕ್ಕಪ್ಪ ಮದುವೆಮನೆ, ನಾಮಕರಣ, ಎಲ್ಲ ಕಡೆ ಅನುಕರಿಸಿ ಎಲ್ಲರನ್ನೂ ನಗಿಸುತ್ತಿದ್ದರು.

ಅಪ್ಪನಿಗೆ ಚಾಮಯ್ಯ ಮೇಷ್ಟ್ರು. ಅಪ್ಪ ಹೈಸ್ಕೂಲು ಮೇಷ್ಟ್ರಾಗಿದ್ದವರು, ಅದರಲ್ಲಿ ಆಶ್ಚರ್ಯವಿಲ್ಲ. ಊರೆಲ್ಲ ಬೈಯುವ, ನಕಲು ಹೊಡೆದು ಸಿಕ್ಕಿಬಿದ್ದು ಅವಮಾನವಾಯಿತೆಂದು ಪ್ರಿನ್ಸಿಪಾಲರನ್ನೇ ಕಂಬಕ್ಕೆ ಕಟ್ಟಿ ಓಡುವ ಹುಡುಗ ಆ ಒಬ್ಬ ಮೇಷ್ಟ್ರ ಮಾತಿಗೆ ಮಾತ್ರ ತಲೆ ಬಾಗಿಸುತ್ತಾನೆ. ಕೆ.ಎಸ್. ಅಶ್ವಥ್ ಅವರ ಮುಖ, ಆ ದನಿ. ಬೇರೆ ಯಾರು ಆ ಪಾತ್ರ ಮಾಡಿದ್ದರೂ ಜನಕ್ಕೆ ಮೇಷ್ಟ್ರ ಮೇಲೆ ಅಲ್ಲಲ್ಲೇ ಸಿಟ್ಟು ಬರುತ್ತಿತ್ತು ಅಂತ ನಾನು ಈಗಲೂ ನಂಬಿದ್ದೇನೆ.

ನನಗೆ ಕಂಡದ್ದು ಅಲಮೇಲು. ರಾಮಾಚಾರಿಯೂ ಅವಳೂ ಒಬ್ಬರನ್ನೊಬ್ಬರು ಬಯಸುತ್ತಾರೆ. ಮೇಷ್ಟ್ರು ಬಂದು ತ್ಯಾಗದ ಮಾತಾಡುತ್ತಾರೆ. ಶಿಷ್ಯ ಒಪ್ಪುತ್ತಾನೆ, ಅಲಮೇಲುವಿಗೆ ಬೇರೆ ಮದುವೆಯಾಗುತ್ತದೆ. ಆಮೇಲೆ ಅವಳು ರಾಮಾಚಾರಿಯ ಕಣ್ಣಿಗೆ ಬೀಳುವುದು ಒಂದು ಹೋಟೆಲಿನಲ್ಲಿ. ಕಟ್ಟಿಕೊಂಡ ಗಂಡನೇ ಅವಳನ್ನು ಆ ದಂಧೆಗೆ ಇಳಿಸಿರುತ್ತಾನೆ. ಮೇಷ್ಟ್ರ ಒಂದು ಬುದ್ಧಿಮಾತಿಗೆ ಒಂದು ಹೆಣ್ಣು ಇಷ್ಟು ತೆತ್ತ ಮೇಲೂ ಕಥೆ ರಾಮಾಚಾರಿಯ ನೋವಿನ ಬೆನ್ನು ಹತ್ತುತ್ತದೆ. ಜನ ಕೊನೆಗೆ ಬೆಟ್ಟದ ತುದಿಯಲ್ಲಿ ಮೇಷ್ಟ್ರಿಗಾಗಿ ಅಳುತ್ತಾರೆ. ನನಗೆ ಅದನ್ನು ಸಹಿಸಲಾಗುತ್ತಿರಲಿಲ್ಲ.

ಇಷ್ಟೇ ಆಗಿದ್ದರೆ ಅದು ಸಿನಿಮಾದ ಮೇಲಿನ ಸಿಟ್ಟು. ಆದರೆ ಅದು ಇಷ್ಟೇ ಆಗಿರಲಿಲ್ಲ.

ಚಿಕ್ಕಪ್ಪನ ಮಗಳು ನನಗಿಂತ ಚಿಕ್ಕವಳು, ನನಗಿಂತ ಚುರುಕು. ಬಿ.ಎಸ್ಸಿ. ಓದುತ್ತಿದ್ದಾಗ ಕಾಲೇಜಿನ ದಾರಿಯಲ್ಲಿ ಒಂದು ಗುಂಪು ಅವಳ ಹಿಂದೆ ಬೀಳುತ್ತಿತ್ತು. ಬಸ್ ಸ್ಟ್ಯಾಂಡಿನಲ್ಲಿ ಹಾಡು, ಕೂಗು, ಚೀಟಿ. ಅವಳು ಮನೆಯಲ್ಲಿ ಹೇಳಿದಳು. ಚಿಕ್ಕಪ್ಪ ಅಣ್ಣನ ಹತ್ತಿರ ಬಂದು ಕೂತರು. ಮೇಷ್ಟ್ರಲ್ಲವೇ, ನಮ್ಮ ವಂಶದಲ್ಲಿ ಯಾರ ಮನೆಯ ಯಾವ ತೀರ್ಮಾನಕ್ಕೂ ಅಪ್ಪನ ಮಾತೇ ಕೊನೆ. ಅಪ್ಪ ಹೇಳಿದ್ದು: ‘ಒಳ್ಳೆ ಸಂಬಂಧ ಬಂದೈತೆ, ಮಾಡ್ಬಿಡು. ಓದು ಎಲ್ಲಿ ಹೋಗುತ್ತೆ, ಆಮೇಲೆ ಮುಗಿಸ್ತಾಳೆ.’ ಅವಳು ಮುಗಿಸಲಿಲ್ಲ. ಹುಡುಗರನ್ನು ಯಾರೂ ಕೇಳಲಿಲ್ಲ. ‘ಬುಲ್ ಬುಲ್’ ಅಂತ ಚಿಕ್ಕಪ್ಪ ನಗಿಸುವುದೂ ನಿಲ್ಲಲಿಲ್ಲ. ಆ ನಗುವಿನ ನಡುವೆ ಅವಳು ಕಾಫಿ ಲೋಟ ಹಂಚುತ್ತಿದ್ದದ್ದನ್ನು ನಾನು ನೋಡಿದ್ದೇನೆ.

2018ರಲ್ಲಿ ‘ನಾಗರಹಾವು’ ಹೊಸ ತಂತ್ರಜ್ಞಾನದಲ್ಲಿ ಮತ್ತೆ ತೆರೆಗೆ ಬಂತು. ಬೆಂಗಳೂರಿನಲ್ಲಿದ್ದ ನಾನೇ ಎಲ್ಲರಿಗೂ ಟಿಕೆಟ್ ತೆಗೆಸಿದೆ. ಅಪ್ಪ, ಚಿಕ್ಕಪ್ಪ ಊರಿಂದ ಬಂದರು. ತಂಗಿ, ಅದೇ ಚಿಕ್ಕಪ್ಪನ ಮಗಳು, ಗಂಡನ ಜೊತೆ ಬಂದಳು. ಅಪ್ಪನ ಹಳೆಯ ಶಿಷ್ಯರೊಬ್ಬರೂ ಸೇರಿಕೊಂಡರು. ಸಿನಿಮಾ ಮುಗಿಸಿ ನಮ್ಮ ಮನೆಯಲ್ಲಿ ಊಟ. ಅಪ್ಪನ ಕಣ್ಣು ಇನ್ನೂ ಕೆಂಪಗಿತ್ತು. ಆ ಶಿಷ್ಯರು, ‘ಸಾರ್, ನಮ್ಮ ಪಾಲಿಗೆ ನೀವೇ ಚಾಮಯ್ಯ ಮೇಷ್ಟ್ರು’ ಅಂದರು. ನನಗೆ ತಡೆಯಲಾಗಲಿಲ್ಲ. ‘ಹೌದು, ಚಾಮಯ್ಯ ಮೇಷ್ಟ್ರೇ. ಬೇಕಾದರೆ ನಮ್ಮನೆ ಅಲಮೇಲುನ ಕೇಳಿ, ಇಲ್ಲೇ ಕೂತಿದ್ದಾಳೆ’ ಅಂದು ತಂಗಿಯ ಕಡೆ ಕೈ ತೋರಿಸಿದೆ.

ಈ ಮಾತಿನಲ್ಲಿ ಏನು ತಪ್ಪಿತ್ತು ಅನ್ನುವುದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ಅದು ಅರ್ಥವಾಗಲು ನನಗೇ ಬಹಳ ಕಾಲ ಹಿಡಿಯಿತು. ಅಪ್ಪನ ಮೇಲೆ ಸಿಟ್ಟಿದ್ದದ್ದು ತಪ್ಪಲ್ಲ. ಅವರು ಮಾಡಿದ್ದು ಸರಿಯಲ್ಲ ಅಂತ ಈಗಲೂ ಹೇಳುತ್ತೇನೆ. ಅತಿಥಿಗಳ ಮುಂದೆ ಅಂದದ್ದೂ ದೊಡ್ಡ ತಪ್ಪಲ್ಲ. ನನ್ನ ಮನಸ್ಸಿನಲ್ಲಿದ್ದ ಅಲಮೇಲು ಮೊದಲರ್ಧದವಳು: ದಾರಿಯಲ್ಲಿ ಪುಂಡನ ಕಾಟ ತಿಂದು, ಕೊನೆಗೆ ಹಿರಿಯರ ಮಾತಿಗೆ ತನ್ನ ಆಸೆ ಬಿಟ್ಟುಕೊಟ್ಟವಳು. ಆದರೆ ಅಲ್ಲಿ ಕೂತಿದ್ದವರು ಸಿನಿಮಾ ನೋಡಿ ನೇರ ಬಂದಿದ್ದರು. ಅವರ ಕಣ್ಣ ಮುಂದೆ ಇದ್ದದ್ದು ಹೋಟೆಲ್ ಕೋಣೆಯ ಅಲಮೇಲು, ಗಂಡನೇ ಮಾರಿದ ಅಲಮೇಲು. ತಂಗಿಯ ಗಂಡ ಅನ್ನದ ತಟ್ಟೆ ಮುಂದೆ ಕೂತಿದ್ದಾರೆ, ನಾನು ಅವರ ಹೆಂಡತಿಯನ್ನು ತೋರಿಸಿ ‘ಅಲಮೇಲು’ ಅಂದಿದ್ದೇನೆ. ಹಾಗಾದರೆ ಅವರು ಯಾರಾದರು? ಅವರು ಕೈತೊಳೆದು ಎದ್ದರು. ಒಳ್ಳೆಯ ಮನುಷ್ಯ, ಒಂದು ಮಾತೂ ಆಡಲಿಲ್ಲ. ತಂಗಿ ಬ್ಯಾಗು ತೆಗೆದುಕೊಂಡು ಹಿಂದೆಯೇ ಹೋದಳು.

ಸಿನಿಮಾದ ಒಂದು ಪಾತ್ರವನ್ನು ನಾವು ನಮಗೆ ಬೇಕಾದಷ್ಟು ಮಾತ್ರ ಕತ್ತರಿಸಿ ಇಟ್ಟುಕೊಂಡಿರುತ್ತೇವೆ. ಎದುರಿನವರ ಹತ್ತಿರ ಇರುವುದು ಬೇರೆ ತುಂಡು. ಒಂದೇ ಹೆಸರು ಹೇಳುತ್ತೇವೆ, ಒಂದೇ ಪಾತ್ರದ ಬಗ್ಗೆ ಮಾತಾಡುತ್ತಿದ್ದೇವೆ ಅಂದುಕೊಳ್ಳುತ್ತೇವೆ. ನಾನು ಅದನ್ನು ಮರೆತೆ. ಅದಕ್ಕಿಂತ ದೊಡ್ಡದು ಇನ್ನೊಂದಿದೆ. ವಾದ ನನ್ನದು, ಜಗಳ ಅಪ್ಪನ ಜೊತೆ. ಅದಕ್ಕೆ ಸಾಕ್ಷಿಯಾಗಿ ತಂಗಿಯ ಬದುಕನ್ನು ಎಳೆದು ತಂದೆ, ಅವಳನ್ನು ಒಂದು ಮಾತು ಕೇಳದೆ. ಆ ಸಿನಿಮಾ ಅವಳಿಗೆ ಹೇಗನ್ನಿಸಿತು ಅಂತ ಕೂಡ ಕೇಳಿರಲಿಲ್ಲ. ಥಿಯೇಟರಿನಲ್ಲಿ ನನ್ನ ಪಕ್ಕದಲ್ಲೇ ಕೂತಿದ್ದಳು, ಇಂಟರ್‌ವಲ್‌ನಲ್ಲಿ ಪಾಪ್‌ಕಾರ್ನ್ ಹಂಚಿಕೊಂಡು ತಿಂದೆವು. ಅವಳಿಗೆ ಜಲೀಲನ ದೃಶ್ಯದಲ್ಲಿ ಏನಾಯಿತು, ಅಲಮೇಲುವನ್ನು ಕಂಡು ಮರುಕ ಬಂತೋ ಸಿಟ್ಟು ಬಂತೋ, ಅಥವಾ ಅವಳೂ ಓಬವ್ವನ ಹಾಡಿಗೆ ಕಾದಿದ್ದಳೋ, ನನಗೆ ಗೊತ್ತಿಲ್ಲ. ಅವಳ ಪರವಾಗಿ ಮಾತಾಡುತ್ತಿದ್ದೇನೆ ಅಂದುಕೊಂಡವಳು ನಾನು. ಚಾಮಯ್ಯ ಮೇಷ್ಟ್ರು ಮಾಡಿದ್ದೂ ಅದನ್ನೇ ಅಲ್ಲವೇ, ಹುಡುಗಿಯನ್ನು ಕೇಳದೆ ಅವಳ ವಿಷಯ ತೀರ್ಮಾನಿಸಿದ್ದು? ಕ್ಷಮೆ ಕೇಳಿ ಕಾಗದ ಬರೆದೆ, ಫೋನ್ ಮಾಡಿದೆ. ಶುಭಕಾರ್ಯಗಳಲ್ಲಿ ಸಿಕ್ಕರೆ ‘ಚೆನ್ನಾಗಿದೀಯಾ’ ಅನ್ನುತ್ತಾಳೆ. ಅಷ್ಟೇ.

ಅಪ್ಪ ಆವತ್ತು ಏನೂ ಅನ್ನಲಿಲ್ಲ. ಬಹಳ ತಿಂಗಳಾದ ಮೇಲೆ ಊರಿನಲ್ಲಿ ಕಟ್ಟೆ ಮೇಲೆ ಕೂತಿದ್ದಾಗ ತಾವಾಗಿಯೇ ಎತ್ತಿದರು: ‘ಮೇಷ್ಟ್ರು ತಪ್ಪು ಮಾಡಿದ್ದು ನನಗೆ ಕಾಣಲ್ಲ ಅಂದ್ಕಂಡಿದೀಯೇನಮ್ಮಾ? ಕಾಣೋದಕ್ಕೇ ಅಳು ಬರೋದು. ಮೇಷ್ಟ್ರು ಹೇಳಿದ್ರು ಅಂದ್ರೆ ಹುಡುಗ್ರು ಮಾಡ್ಬಿಡ್ತಾರೆ. ಅದು ಎಂಥಾ ಭಯ ಅಂತ ನಿನಗೆ ಗೊತ್ತಾಗಲ್ಲ.’

ಇಷ್ಟು ವರ್ಷ ನಾನು ಅಂದುಕೊಂಡಿದ್ದದ್ದು, ಅಪ್ಪ ಮೇಷ್ಟ್ರ ಒಳ್ಳೆಯತನಕ್ಕೆ ಅಳುತ್ತಾರೆ ಅಂತ. ಅವರಿಗೂ ನನಗೂ ತೆರೆಯ ಮೇಲೆ ಕಂಡದ್ದು ಒಂದೇ ತಪ್ಪು. ನನಗೆ ಅದು ಸಿಟ್ಟು ತರಿಸಿತು, ಯಾಕೆಂದರೆ ನಾನು ನಿಂತಿದ್ದು ತಪ್ಪಿನ ಫಲ ಉಂಡವಳ ಪಕ್ಕ. ಅವರಿಗೆ ನಡುಕ ತರಿಸಿತು, ಅವರು ನಿಂತಿದ್ದು ತಪ್ಪು ಮಾಡಿದವನ ಜಾಗದಲ್ಲಿ. ಸಿನಿಮಾ ಕೂಡ ಮೇಷ್ಟ್ರನ್ನು ಬಿಟ್ಟುಕೊಟ್ಟಿಲ್ಲ. ಎರಡನೆಯ ಸಲ, ರಾಮಾಚಾರಿ ಆಮೇಲೆ ಪ್ರೀತಿಸಿದ ಮಾರ್ಗರೆಟ್ಟಳ ವಿಷಯದಲ್ಲಿ ಅದೇ ಅಡ್ಡಿ ಮಾಡಲು ಹೋದಾಗ ಶಿಷ್ಯನ ಕೈಯಿಂದಲೇ ಬೆಟ್ಟದಿಂದ ಬಿದ್ದು ಸಾಯುತ್ತಾರೆ. ಇದನ್ನು ನಾನು ಅಪ್ಪನ ಮಾತು ಕೇಳಿದ ಮೇಲೆ ಗಮನಿಸಿದೆ.

ಹಾಗಂತ ನನಗೆ ಆ ಸಿನಿಮಾ ಈಗ ಇಷ್ಟವೇ? ಇಲ್ಲ. ಅಲಮೇಲುವಿನ ದುರ್ಗತಿಯನ್ನು ರಾಮಾಚಾರಿಗೆ ಪಾಠ ಕಲಿಸಲು ಬಳಸಿಕೊಂಡದ್ದು ನನಗೆ ಹಿಡಿಸುವುದಿಲ್ಲ, ಹಿಡಿಸಬೇಕಾಗಿಯೂ ಇಲ್ಲ. ‘ಆ ಕಾಲಕ್ಕೆ ಅದೇ ಸರಿ’ ಅನ್ನುವ ಸಮಾಧಾನವನ್ನು ನಿಮಗೂ ಯಾರಾದರೂ ಹೇಳಿಯೇ ಹೇಳುತ್ತಾರೆ, ನಂಬಬೇಡಿ. ಅದಕ್ಕೆ ಒಂದು ವರ್ಷ ಮುಂಚೆ, 1971ರಲ್ಲಿ, ಇದೇ ಪುಟ್ಟಣ್ಣ ತ್ರಿವೇಣಿಯವರ ‘ಶರಪಂಜರ’ ತೆಗೆದಿದ್ದರು. ಮನಸ್ಸು ಕೆಟ್ಟು ವಾಸಿಯಾಗಿ ಬಂದ ಕಾವೇರಿಯನ್ನು ಸುತ್ತಲಿನವರು ಹೇಗೆ ಚುಚ್ಚಿ ಚುಚ್ಚಿ ಮತ್ತೆ ಅಲ್ಲಿಗೇ ತಳ್ಳುತ್ತಾರೆ ಅನ್ನುವುದನ್ನು ಅವಳ ಪಕ್ಕ ನಿಂತು ತೋರಿಸಿದ್ದರು. ಕಾಲ ಅದೇ, ನಿರ್ದೇಶಕರು ಅವರೇ. ಕ್ಯಾಮೆರಾ ಯಾರ ಬೆನ್ನಿಗೆ ನಿಲ್ಲುತ್ತದೆ ಅನ್ನುವುದು ಆಯ್ಕೆ, ಆ ಆಯ್ಕೆಯನ್ನು ಪ್ರಶ್ನಿಸುವ ಹಕ್ಕು ನಿಮಗಿದೆ.

ತರಾಸು ಅವರಿಗೂ ಸಿನಿಮಾ ಹಿಡಿಸಲಿಲ್ಲ; ನಾಗರಹಾವನ್ನು ಕೇರೆಹಾವು ಮಾಡಿಬಿಟ್ಟರು ಅಂದರೆಂಬ ಮಾತು ನಮ್ಮ ಕಡೆ ಇನ್ನೂ ಓಡಾಡುತ್ತದೆ. ಅವರ ಬೇಸರ ರಾಮಾಚಾರಿಯ ವಿಷ ಇಳಿಸಿದರು ಅಂತ. ನನ್ನದು ಅಲಮೇಲುವಿನ ಕುರಿತು. ಇಬ್ಬರೂ ಒಂದೇ ಸಿನಿಮಾ ದ್ವೇಷಿಸುವವರು, ಆದರೆ ಎದುರುಬದುರು ಕೂರಿಸಿದ್ದರೆ ನಮ್ಮಿಬ್ಬರಿಗೂ ಜಗಳವೇ ಆಗುತ್ತಿತ್ತು. ಹಾಗೆಯೇ, ಇದೇ ಕಥೆಯನ್ನು ಪುಟ್ಟಣ್ಣನವರೇ 1974ರಲ್ಲಿ ರಿಷಿ ಕಪೂರ್ ಇಟ್ಟುಕೊಂಡು ಹಿಂದಿಯಲ್ಲಿ ‘ಜಹರೀಲಾ ಇನ್ಸಾನ್’ ಅಂತ ತೆಗೆದರು, ಅದು ಓಡಲಿಲ್ಲ. ಅಲ್ಲಿ ನೋಡಿದವರಿಗೆ ಓಬವ್ವನ ಊರಿನ ಅಭಿಮಾನ ಇರಲಿಲ್ಲ, ತೆರೆಯ ಮೇಲಿನ ಮೇಷ್ಟ್ರಲ್ಲಿ ತಮ್ಮ ಶಾಲೆಯ ಮೇಷ್ಟ್ರನ್ನು ಕಾಣುವ ರೂಢಿ ಇರಲಿಲ್ಲ. ನಮ್ಮಜ್ಜಿ, ನಮ್ಮಪ್ಪ ಜೊತೆಗೆ ತಂದು ಸೇರಿಸುತ್ತಿದ್ದದ್ದು ಅಲ್ಲಿ ಇಲ್ಲದೆ ಹೋಯಿತು ಅಂತ ನನ್ನ ಲೆಕ್ಕ.

ನೀವು ಕೇಳಿದ್ದು ಒಪ್ಪಿಸುವುದು ಹೇಗೆ ಅಂತ. ನಾನು ಕೇಳುವುದು, ಯಾಕೆ ಒಪ್ಪಿಸಬೇಕು? ಹಿಡಿಸದ ಸಿನಿಮಾ ಬಹಳ ಇರುತ್ತವೆ, ಅರ್ಧಕ್ಕೆ ಎದ್ದು ಮಲಗುತ್ತೇವೆ, ಮರೆಯುತ್ತೇವೆ. ವರ್ಷಗಟ್ಟಲೆ ಮೈ ಉರಿಸುವ ಸಿನಿಮಾ ಇದ್ದರೆ ಅದರ ಹಿಂದೆ ಯಾರೋ ಒಬ್ಬರು ಇರುತ್ತಾರೆ. ಅದು ಯಾರು ಅಂತ ನಿಮಗೆ ಗೊತ್ತಿದ್ದರೆ ಅವರ ಜೊತೆ ಮಾತಾಡಿ, ಒಬ್ಬರೇ ಇದ್ದಾಗ, ಸಿನಿಮಾದ ಹೆಸರೇ ಎತ್ತದೆ. ‘ಅವಳ ಓದು ನಿಲ್ಲಿಸಿದ್ದು ತಪ್ಪು ಅಪ್ಪಾ’ ಅಂತ ನಾನು ನೇರ ಹೇಳಬಹುದಿತ್ತು. ಕಟ್ಟೆಯ ಮೇಲೆ ಆ ದಿನ ಹೇಳಿದೆ, ಅವರು ‘ಹೌದು’ ಅಂದರು. ಅದಕ್ಕೆ ಪುಟ್ಟಣ್ಣ ಬೇಕಿರಲಿಲ್ಲ.

ಸಿನಿಮಾದ ಮಾತು ಬಂದರೆ ಬರಲಿ. ‘ನಿಮಗೆ ಯಾವ ದೃಶ್ಯ?’ ಅಂತ ಕೇಳಿ, ‘ಯಾಕೆ ಇಷ್ಟ’ ಅಂತ ಕೇಳಬೇಡಿ. ಯಾಕೆ ಅಂದರೆ ಜನ ಭಾಷಣ ಶುರು ಮಾಡುತ್ತಾರೆ, ದೃಶ್ಯ ಕೇಳಿದರೆ ತಮ್ಮ ಬಗ್ಗೆ ಹೇಳಿಕೊಳ್ಳುತ್ತಾರೆ. ಆಮೇಲೆ ನಿಮ್ಮ ದೃಶ್ಯ ನೀವು ಹೇಳಿ. ಆ ಮನೆಯಲ್ಲಿ ಇರುವ ಯಾರನ್ನೂ, ಮೆಚ್ಚಿ ಕೂಡ, ಆ ಸಿನಿಮಾದ ಪಾತ್ರಕ್ಕೆ ಹೋಲಿಸಬೇಡಿ. ಹಬ್ಬದ ದಿನ ಅದನ್ನೇ ಹಾಕಿದರೆ, ನೋಡಲಾಗದಿದ್ದರೆ, ಎದ್ದು ಹೋಗಿ. ಸುಮ್ಮನೆ ಕೂತು ಹಲ್ಲು ಕಚ್ಚಬೇಕಾಗಿಲ್ಲ. ಜೊತೆಗೆ ಇನ್ನೊಬ್ಬರು ಎದ್ದು ಬಂದರೆ ಅವರಿಗೆ ಏನನ್ನಿಸಿತು ಅಂತ ಮೊದಲು ಕೇಳಿ.