ಟ್ರಯಲ್‌ಗೆ ಮುಂಚೆ ಊರವರ ಜೊತೆ ಒಂದು ಮೀಟಿಂಗ್ ಮಾಡಿದರೆ ಸಾಕಾ?

ನಿಮ್ಮ ಪ್ರಶ್ನೆ ನನಗೆ ಅರ್ಥ ಆಗಿದ್ದು ಇಷ್ಟು. ರಾಯಚೂರು ಜಿಲ್ಲೆಯ ಒಂದು ತಾಲೂಕಿನಲ್ಲಿ ಗರ್ಭಿಣಿಯರ ರಕ್ತಹೀನತೆಗೆ ಕಬ್ಬಿಣದ ಮಾತ್ರೆ ಒಳ್ಳೆಯದೋ, ನರಕ್ಕೆ ಹಾಕುವ ಕಬ್ಬಿಣದ ಡ್ರಿಪ್ ಒಳ್ಳೆಯದೋ ಅಂತ ಹೋಲಿಸುವ ಟ್ರಯಲ್ ಶುರುವಾಗಲಿದೆ. ನೀವು ಅದರ ಫೀಲ್ಡ್ ಕೆಲಸ ನೋಡಿಕೊಳ್ಳುತ್ತೀರಿ. ‘ಸಮುದಾಯ ಸಲಹಾ ಮಂಡಳಿ ಅಂತ ಒಂದು ಮಾಡಿಬಿಡಿ, ಎಥಿಕ್ಸ್ ಕಮಿಟಿ ಕೇಳುತ್ತೆ’ ಅಂತ ಗೈಡ್ ಹೇಳಿದ್ದಾರೆ (ಸೇರುವ ಜನರಿಗೆ ಅನ್ಯಾಯ ಆಗದಂತೆ ನೋಡಿ ಅಧ್ಯಯನಕ್ಕೆ ಒಪ್ಪಿಗೆ ಕೊಡುವ ಸಮಿತಿ ಅದು). ಪಂಚಾಯಿತಿ ಅಧ್ಯಕ್ಷರು, ಪಿಎಚ್‌ಸಿ ಡಾಕ್ಟರ್, ಹೆಡ್‌ಮಾಸ್ಟರ್ ಇವರನ್ನು ಸೇರಿಸಿ ಮೀಟಿಂಗ್ ಮಾಡಿ ಸಹಿ, ಫೋಟೋ ತಗೊಂಡರೆ ಸಾಕಾ ಅಂತ ಕೇಳಿದ್ದೀರಿ.

ಸಾಕಾಗಲ್ಲ. ನಾನು ಇಂಥ ಅಧ್ಯಯನಗಳ ಫೀಲ್ಡ್ ಕೆಲಸದಲ್ಲೇ ಬಹಳ ವರ್ಷ ಇದ್ದೇನೆ, ಕಲ್ಯಾಣ ಕರ್ನಾಟಕದಲ್ಲೂ ಮೈಸೂರು ಕಡೆಯಲ್ಲೂ. ನಾನು ನೋಡುವುದು ಒಂದೇ: ಜನ ಹೇಳಿದ್ದರಿಂದ ಪ್ರೋಟೋಕಾಲ್‌ನಲ್ಲಿ, ಅಂದರೆ ಅಧ್ಯಯನ ಹೇಗೆ ನಡೆಯಬೇಕು ಅಂತ ಬರೆದಿಟ್ಟ ಯೋಜನೆಯಲ್ಲಿ, ಏನಾದರೂ ಬದಲಾಯಿತಾ? ಬದಲಾಗಿಲ್ಲ ಅಂದರೆ ನೀವು ಕೇಳಲಿಲ್ಲ, ಸುಮ್ನೆ ತಿಳಿಸಿದಿರಿ ಅಷ್ಟೇ. ಅದಕ್ಕೇ ಊರಿಗೆ ಹೋಗಬೇಕಾದದ್ದು ಎಥಿಕ್ಸ್ ಕಮಿಟಿಗೆ ಕಾಗದ ಕೊಡುವ ಮುಂಚೆ. ಎಲ್ಲ ಮಂಜೂರಾದ ಮೇಲೆ ಹೋದರೆ ಅವರು ಏನೇ ಹೇಳಲಿ, ‘ಈಗ ಬದಲಾಯಿಸಕ್ಕೆ ಆಗಲ್ಲಮ್ಮ’ ಅನ್ನುವುದು ಬಿಟ್ಟರೆ ನಿಮ್ಮ ಹತ್ತಿರ ಬೇರೆ ಉತ್ತರ ಇರಲ್ಲ.

ಇದು ಎಷ್ಟು ದೊಡ್ಡ ವಿಷಯ ಅಂತ ಗೈಡ್‌ಗೆ ಮನವರಿಕೆ ಮಾಡಬೇಕಾದರೆ ಕಾಂಬೋಡಿಯಾದ ಕಥೆ ಹೇಳಿ. 2004ರಲ್ಲಿ ಅಲ್ಲಿ ಟೆನೋಫೊವಿರ್ ಅನ್ನುವ ಮಾತ್ರೆ ಎಚ್‌ಐವಿ ಬರದಂತೆ ತಡೆಯುತ್ತದಾ ಅಂತ ನೋಡಲು ಲೈಂಗಿಕ ವೃತ್ತಿಯಲ್ಲಿದ್ದ 960 ಹೆಂಗಸರನ್ನು ಸೇರಿಸಿಕೊಳ್ಳುವ ಟ್ರಯಲ್‌ಗೆ ತಯಾರಿ ನಡೆದಿತ್ತು. ಆ ಹೆಂಗಸರದ್ದೇ ಒಂದು ಸಂಘಟನೆ ಇತ್ತು. ಅವರು ಕೇಳಿದ್ದು ಬಹಳ ನ್ಯಾಯವಾದ ಪ್ರಶ್ನೆ: ಟ್ರಯಲ್ ಮುಗಿದ ಮೇಲೆ ಅಡ್ಡಪರಿಣಾಮ ಕಾಣಿಸಿಕೊಂಡರೆ ನಮ್ಮನ್ನು ನೋಡಿಕೊಳ್ಳುವವರು ಯಾರು? ದೀರ್ಘಕಾಲದ ಆರೋಗ್ಯ ವಿಮೆ ಕೊಡಿ ಅಂದರು. ಸರಿಯಾದ ಉತ್ತರ ಸಿಗಲಿಲ್ಲ. ಜುಲೈನಲ್ಲಿ ಬ್ಯಾಂಕಾಕ್‌ನ ಅಂತರರಾಷ್ಟ್ರೀಯ ಏಡ್ಸ್ ಸಮ್ಮೇಳನದಲ್ಲಿ ಪ್ರತಿಭಟನೆ ನಡೆಯಿತು, ಆಗಸ್ಟ್‌ನಲ್ಲಿ ಪ್ರಧಾನಿ ಹುನ್ ಸೆನ್ ಟ್ರಯಲ್‌ನ್ನೇ ನಿಲ್ಲಿಸಿದರು. ಮುಂದಿನ ವರ್ಷ ಕ್ಯಾಮರೂನ್‌ನಲ್ಲೂ ಇದೇ ಮಾತ್ರೆಯ ಟ್ರಯಲ್ ನಿಂತಿತು. ಈ ಪೆಟ್ಟು ತಿಂದ ಮೇಲೆ 2007ರಲ್ಲಿ ವಿಶ್ವಸಂಸ್ಥೆಯ ಏಡ್ಸ್ ಕಾರ್ಯಕ್ರಮ ಯುಎನ್‌ಏಡ್ಸ್ ಮತ್ತು ಎಚ್‌ಐವಿ ತಡೆಗೆ ಕೆಲಸ ಮಾಡುವ ಎವಿಎಸಿ ಸಂಸ್ಥೆ ಸೇರಿ, ಎಚ್‌ಐವಿ ತಡೆಯುವ ಟ್ರಯಲ್‌ಗಳಲ್ಲಿ ಜನರನ್ನು ಹೇಗೆ ಜೊತೆಗೆ ತಗೊಳ್ಳಬೇಕು ಅಂತ ಮಾರ್ಗಸೂಚಿ ಬರೆದರು. 2011ರಲ್ಲಿ ಅದನ್ನು ತಿದ್ದಿ ಮತ್ತೆ ಹೊರತಂದರು. ಅದನ್ನು ಒಮ್ಮೆ ಓದಿ, ಬೇರೆ ಕಾಯಿಲೆಯ ಟ್ರಯಲ್‌ಗೂ ಪೂರ್ತಿ ಉಪಯೋಗಕ್ಕೆ ಬರುತ್ತದೆ.

ಟೆನೋಫೊವಿರ್ ಇದ್ದ ಮಾತ್ರೆಯೇ ಮುಂದೆ ನಮ್ಮ ಮೈಸೂರಿಗೂ ಬಂತು. ಇಲ್ಲಿ ಅಶೋದಯ ಸಮಿತಿ ಇದೆ, ಲೈಂಗಿಕ ವೃತ್ತಿಯಲ್ಲಿರುವವರೇ ನಡೆಸುವ ಸಂಸ್ಥೆ. ಅವರೂ ಕೋಲ್ಕತ್ತಾದ ಸೋನಾಗಾಚಿಯಲ್ಲಿರುವ ಅಂಥದ್ದೇ ದುರ್ಬಾರ್ ಸಂಸ್ಥೆಯವರೂ ಮೊದಲು ತಮ್ಮ ಜನರ ಜೊತೆಗೇ ಕೂತು ಇದು ನಮಗೆ ಬೇಕಾ, ಬೇಡವಾ ಅಂತ ಚರ್ಚೆ ಮಾಡಿದರು. ಮಾತ್ರೆ ಕೊಟ್ಟಿದ್ದು ಆಮೇಲೆ. ಅದು ಹೋಲಿಕೆಯ ಟ್ರಯಲ್ ಅಲ್ಲ, ಬಳಸಿ ನೋಡುವ ಯೋಜನೆ. ಎರಡೂ ಕಡೆ ಸೇರಿ 1,325 ಹೆಂಗಸರು ಸೇರಿಕೊಂಡರು, ಹೆಚ್ಚಿನವರು ಕೊನೆಯವರೆಗೂ ಉಳಿದರು, ಯೋಜನೆಯ ಅವಧಿಯಲ್ಲಿ ಯಾರಿಗೂ ಹೊಸದಾಗಿ ಎಚ್‌ಐವಿ ಸೋಂಕು ಬರಲಿಲ್ಲ. ಕಾಂಬೋಡಿಯಾದ ಹೆಂಗಸರು ವಿಜ್ಞಾನದ ವಿರೋಧಿಗಳೂ ಅಲ್ಲ, ಮೈಸೂರಿನವರು ಹೇಳಿದ್ದಕ್ಕೆಲ್ಲ ತಲೆ ಆಡಿಸುವವರೂ ಅಲ್ಲ. ಇಲ್ಲಿ ಬೇಕಾ ಬೇಡವಾ ಅಂತ ಹೇಳುವ ಅಧಿಕಾರ ಮೊದಲಿನಿಂದಲೇ ಅವರ ಕೈಯಲ್ಲಿತ್ತು.

ಈಗ ನಿಮ್ಮ ಮಂಡಳಿಯ ಪಟ್ಟಿಗೆ ಬರೋಣ. ಅಧ್ಯಕ್ಷರು, ಡಾಕ್ಟರ್, ಹೆಡ್‌ಮಾಸ್ಟರ್. ಇವರಲ್ಲಿ ಯಾರಿಗೆ ಡ್ರಿಪ್ ಹಾಕುತ್ತೀರಿ? ಇವರನ್ನು ಬಿಡಿ ಅಂತಿಲ್ಲ, ಅವರಿಗೆ ತಿಳಿಸದೆ ಊರಿಗೆ ಕಾಲಿಡುವುದು ತಪ್ಪೇ. ಆದರೆ ದೊಡ್ಡವರು ಒಪ್ಪಿದ್ದಾರೆ ಅಂದ ಮಾತ್ರಕ್ಕೆ ಆ ಹೆಣ್ಣುಮಗಳು ಒಪ್ಪಿದಂತೆ ಆಗುವುದಿಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) 2017ರ ಮಾರ್ಗಸೂಚಿಯೂ ಇದನ್ನೇ ಹೇಳುತ್ತದೆ. ಖಮ್ಮಂನಲ್ಲಿ ಆಗಿದ್ದು ನೆನಪಿರಲಿ. 2009ರಲ್ಲಿ ಆಗಿನ ಆಂಧ್ರದ ಖಮ್ಮಂ ಜಿಲ್ಲೆಯಲ್ಲೂ ಗುಜರಾತಿನ ವಡೋದರದಲ್ಲೂ 10ರಿಂದ 14 ವರ್ಷದ ಹುಡುಗಿಯರಿಗೆ ಗರ್ಭಕಂಠದ ಕ್ಯಾನ್ಸರ್ ತಡೆಯುವ ಎಚ್‌ಪಿವಿ ಲಸಿಕೆ ಕೊಡುವ ಯೋಜನೆ ಶುರುವಾಯಿತು. ಖಮ್ಮಂನಲ್ಲಿ ಆದಿವಾಸಿ ಹಾಸ್ಟೆಲ್‌ಗಳಲ್ಲಿ ಓದುತ್ತಿದ್ದ ಎಷ್ಟೋ ಹುಡುಗಿಯರ ಪರವಾಗಿ ಅಪ್ಪ ಅಮ್ಮನ ಬದಲು ವಾರ್ಡನ್‌ಗಳೇ ಸಹಿ ಹಾಕಿದ್ದರು. ಆಂಧ್ರದ 9,543 ಫಾರಂ ನೋಡಿದಾಗ 2,763ರಲ್ಲಿ ಹೀಗಾಗಿತ್ತು. ಕೆಲವು ಹುಡುಗಿಯರು ತೀರಿಹೋದ ಸುದ್ದಿ ಬಂತು, 2010ರ ಏಪ್ರಿಲ್‌ನಲ್ಲಿ ಯೋಜನೆ ನಿಂತಿತು. ಆ ಸಾವುಗಳಿಗೂ ಲಸಿಕೆಗೂ ಸಂಬಂಧ ಕಾಣುತ್ತಿಲ್ಲ ಅಂತ ಸರ್ಕಾರದ ತನಿಖಾ ಸಮಿತಿ ಹೇಳಿತು. ಅಷ್ಟರಲ್ಲಿ ಜನರ ನಂಬಿಕೆ ಹೋಗಿತ್ತು. ಮನೆಯವರನ್ನು ಯಾರೂ ಕೇಳಿರಲಿಲ್ಲವಲ್ಲ, ಆಮೇಲೆ ಹೇಳಿದ್ದನ್ನು ಅವರು ಯಾಕೆ ನಂಬಬೇಕು? 2013ರಲ್ಲಿ ಸಂಸತ್ತಿನ ಸ್ಥಾಯಿ ಸಮಿತಿ ಬಹಳ ಕಟುವಾಗಿ ಬರೆಯಿತು. ಇಂಥ ಒಂದು ಒಳ್ಳೆಯ ಲಸಿಕೆಗೆ ನಮ್ಮ ದೇಶದಲ್ಲಿ ವರ್ಷಗಟ್ಟಲೆ ಅನುಮಾನ ಅಂಟಿಕೊಂಡಿತು. ಇದು ನನಗೆ ಇವತ್ತಿಗೂ ಸಂಕಟ ಕೊಡುವ ವಿಷಯ.

ಹಾಗಾದರೆ ಯಾರನ್ನು ಕೂರಿಸಬೇಕು? ಈಗ ಬಸುರಿ ಇರುವವರು, ಹೋದ ವರ್ಷ ಹೆತ್ತವರು, ಒಂದಿಬ್ಬರು ಅತ್ತೆಯಂದಿರು, ಆಶಾ, ಅಂಗನವಾಡಿ ಟೀಚರ್. ದಲಿತರ ಕೇರಿಯವರು, ತಾಂಡಾದವರು ಇರಲೇಬೇಕು. ಮೀಟಿಂಗ್ ಗೌಡರ ಮನೆ ಮುಂದೆಯೋ ಗುಡಿಯ ಕಟ್ಟೆ ಮೇಲೋ ಇಟ್ಟರೆ ಅರ್ಧ ಜನ ಬರಲ್ಲ, ಬಂದವರು ಬಾಯಿ ಬಿಡಲ್ಲ. ಅಂಗನವಾಡಿಯಲ್ಲಿ ಮಾಡಿ, ಕೇರಿಗೆ, ತಾಂಡಾಕ್ಕೆ ಬೇರೆಯಾಗಿ ಹೋಗಿ. ಊರಿನ ಆರ್‌ಎಂಪಿ ಡಾಕ್ಟರನ್ನೂ, ಅಂದರೆ ಡಿಗ್ರಿ ಇಲ್ಲದೆ ಊರಲ್ಲೇ ಔಷಧ ಕೊಡುವವರನ್ನೂ, ಮರೆಯಬೇಡಿ. ಡ್ರಿಪ್ ಹಾಕಿಸಿಕೊಂಡು ಬಂದ ರಾತ್ರಿ ಮೈಕೈ ನೋವು, ಚಳಿಜ್ವರ ಅಂದರೆ ಮನೆಯವರು ಓಡುವುದು ಅವರ ಹತ್ತಿರ, ನಿಮ್ಮ ಸಹಾಯವಾಣಿಗಲ್ಲ.

ಇಂಥ ಸಭೆಯಲ್ಲಿ ಬರುವ ಪ್ರಶ್ನೆಗಳು ಯಾವ ಕಮಿಟಿಯಲ್ಲೂ ಬರಲ್ಲ. ಕಲ್ಯಾಣ ಕರ್ನಾಟಕದ ಒಂದು ಊರಿನಲ್ಲಿ ಒಬ್ಬ ಅಜ್ಜಿ ನಮ್ಮ ತಂಡವನ್ನು ನೇರವಾಗಿ ಕೇಳಿದರು: ‘ಮೈಯಾಗ ರಕ್ತ ಇಲ್ಲ ಅಂತ ನೀವ ಹೇಳ್ತೀರಿ, ಮತ್ತ ನೀವ ರಕ್ತ ತಗೀತೀರಿ, ಇದು ಹ್ಯಾಂಗ?’ ಇದಕ್ಕೆ ಪಾಂಪ್ಲೆಟ್ ಓದಿ ಹೇಳಿದರೆ ಆಗಲ್ಲ. ನಮ್ಮ ಲ್ಯಾಬ್ ಟೆಕ್ನಿಷಿಯನ್ ಆ ನೇರಳೆ ಮುಚ್ಚಳದ ಟ್ಯೂಬನ್ನು ಅವರ ಕೈಗೇ ಕೊಟ್ಟರು, ಗುರುತಿನ ತನಕ ನೀರು ತುಂಬಿಸಿ, ಅದನ್ನು ಚಹಾ ಚಮಚಕ್ಕೆ ಸುರಿದು ತೋರಿಸಿದರು. 3 ಎಂ.ಎಲ್. ಅಂದರೆ ಅರ್ಧ ಚಮಚಕ್ಕಿಂತ ಚೂರು ಜಾಸ್ತಿ. ಚಮಚ ಕೈಯಿಂದ ಕೈಗೆ ಹೋಯಿತು. ಆಮೇಲೆ ಅಜ್ಜಿಯ ಎರಡನೇ ಪ್ರಶ್ನೆ, ಉಳಿದ ರಕ್ತ ಏನು ಮಾಡ್ತೀರಿ? ಅಸಲಿ ಪ್ರಶ್ನೆ ಇದು. ನೀವು ಸ್ಯಾಂಪಲ್ ಫ್ರೀಜರ್‌ನಲ್ಲಿ ಇಟ್ಟುಕೊಂಡು ಮುಂದೆ ಬೇರೆ ಪರೀಕ್ಷೆಗೆ ಬಳಸುವುದಿದ್ದರೆ ಅದನ್ನು ಬೇರೆಯಾಗಿ ಹೇಳಿ, ಬೇರೆಯಾಗಿ ಒಪ್ಪಿಗೆ ತಗೊಳ್ಳಿ. ಟ್ರಯಲ್‌ಗೆ ಹೂಂ ಅಂದು ಅದಕ್ಕೆ ಬೇಡ ಅನ್ನಲು ಅವಕಾಶ ಇರಬೇಕು.

ಇನ್ನೊಂದು, ನಿಮ್ಮ ಜಿಲ್ಲೆಗೇ ಸೇರಿದ್ದು. ಹತ್ತಿ ಬಿಡಿಸುವ ಕಾಲದಲ್ಲಿ ಒಂದು ದಿನ ಪಿಎಚ್‌ಸಿಯಲ್ಲಿ ಕೂತರೆ ಆ ದಿನದ ಕೂಲಿ ಹೋಯಿತು. ಕುಬಸ ಆದ ಮೇಲೆ ಹೆಣ್ಣುಮಗಳು ಹೆರಿಗೆಗೆ ತವರಿಗೆ ಹೋಗುತ್ತಾಳೆ, ತವರು ಬೇರೆ ತಾಲೂಕಿನಲ್ಲಿರಬಹುದು, ಗಡಿ ದಾಟಿ ತೆಲಂಗಾಣದಲ್ಲೂ ಇರಬಹುದು. ಕೆಲವು ಕುಟುಂಬ ಗುಳೆ ಹೋಗಿ ಬೆಂಗಳೂರಿನ ಕಟ್ಟಡದ ಕೆಲಸದ ಶೆಡ್‌ನಲ್ಲಿ ಇರುತ್ತದೆ. ಪ್ರೋಟೋಕಾಲ್‌ನಲ್ಲಿ 34ನೇ ವಾರಕ್ಕೆ ಪಿಎಚ್‌ಸಿ ಭೇಟಿ ಅಂತ ಬರೆದಿದ್ದರೆ, ಆ ವಾರ ಅವಳು ಊರಲ್ಲೇ ಇರಲ್ಲ. ಮೊದಲೇ ಕೇಳಿದರೆ ಭೇಟಿಯ ವಾರ ಬದಲಾಯಿಸಬಹುದು, ತವರಿನ ಊರಲ್ಲೇ ನೋಡುವ ವ್ಯವಸ್ಥೆ ಮಾಡಬಹುದು, ಕೂಲಿ ಮತ್ತು ಬಸ್ ಚಾರ್ಜ್ ಬಜೆಟ್‌ಗೆ ಹಾಕಬಹುದು. ಜನರ ಮಾತಿನಿಂದ ಪ್ರೋಟೋಕಾಲ್ ಬದಲಾಗಬೇಕು ಅಂದೆನಲ್ಲ, ಅದು ಇಂಥದ್ದು. ಕೂಲಿ ಹೋದಷ್ಟನ್ನು ಕೊಡುವುದು ನ್ಯಾಯ. ಬೇಡ ಅನ್ನಲಾಗದಷ್ಟು ದುಡ್ಡು ತೋರಿಸುವುದು ಬೇರೆ, ಅದು ಬೇಡ.

ಆಶಾ ಅವರ ಬಗ್ಗೆ ಒಂದು ಎಚ್ಚರ. ಎಷ್ಟು ಜನರನ್ನು ಸೇರಿಸಿದರೆ ಅಷ್ಟು ದುಡ್ಡು ಅಂತ ದಯವಿಟ್ಟು ಇಡಬೇಡಿ. ಅವರ ಸಮಯಕ್ಕೆ ಕೊಡಿ, ಯಾರು ಒಪ್ಪಲಿ ಬಿಡಲಿ. ತಾಯಿ ಕಾರ್ಡ್ ಕೆಲಸ ನೋಡಿಕೊಳ್ಳುವವರೂ ಅವರೇ. ಆಶಾ ಅಕ್ಕನಿಗೆ ಬೇಡ ಅಂದರೆ ನಾಳೆ ನನ್ನ ಕಾಗದಪತ್ರಕ್ಕೆ ತೊಂದರೆ ಆದೀತು ಅನ್ನುವ ಭಯ ಹೆಣ್ಣುಮಕ್ಕಳಿಗೆ ಇರುತ್ತದೆ, ಯಾರೂ ಬಾಯಿಬಿಟ್ಟು ಹೇಳಲ್ಲ. ಹಾಗಾಗಿ ಪರಿಚಯ ಮಾಡಿಸುವುದು ಆಶಾ ಆದರೂ ಒಪ್ಪಿಗೆ ಕೇಳುವವರು ಬೇರೆ ಇರಲಿ. ಬೇಡ ಅಂದರೂ ಮಾತ್ರೆ, ತಪಾಸಣೆ, ಸರ್ಕಾರದ ದುಡ್ಡು ಯಾವುದೂ ನಿಲ್ಲಲ್ಲ ಅಂತ ಮೊದಲ ಮಾತಿನಲ್ಲೇ ಹೇಳಲಿ. ಮಾಹಿತಿ ಪತ್ರ ಬಿಟ್ಟು ಬನ್ನಿ, ಮನೆಯಲ್ಲಿ ಮಾತಾಡಿಕೊಳ್ಳಲಿ, ಮಾರನೇ ದಿನ ಹೋಗಿ. ಯಾರಿಗೆ ಮಾತ್ರೆ ಯಾರಿಗೆ ಡ್ರಿಪ್ ಅನ್ನುವುದನ್ನು ಚೀಟಿ ಎತ್ತಿದ ಹಾಗೆ ಅಂತ ಹೇಳಿದರೆ ಎಲ್ಲರಿಗೂ ತಿಳಿಯುತ್ತದೆ. ಡಾಕ್ಟರ್ ಆರಿಸುವುದಿಲ್ಲ ಅನ್ನುವುದು ಮಾತ್ರ ಎರಡು ಸಲ ಹೇಳಿ, ಯಾಕೆಂದರೆ ‘ನನಗೆ ಯಾವುದು ಒಳ್ಳೇದೋ ಡಾಕ್ಟರ್‌ಗೆ ಗೊತ್ತು’ ಅಂತಲೇ ಬಹಳ ಜನ ಅಂದುಕೊಳ್ಳುತ್ತಾರೆ. ಬೇಡ ಅಂದವರ ಲೆಕ್ಕವನ್ನೂ ಇಡಿ. ಒಂದು ಊರಿನಲ್ಲಿ ಒಬ್ಬರೂ ಬೇಡ ಅಂದಿಲ್ಲ ಅಂತ ಬಂದರೆ ನಾನಂತೂ ಖುಷಿಪಡಲ್ಲ, ಅಲ್ಲಿ ಹೇಗೆ ಕೇಳಿದರು ಅಂತ ಹೋಗಿ ನೋಡುತ್ತೇನೆ.

ಕಾನೂನಿನ ಕಡೆ ಬೇಗ ಹೇಳಿಬಿಡುತ್ತೇನೆ, ಇದು ನಿಮ್ಮ ಗೈಡ್‌ಗೆ ಗೊತ್ತಿರುತ್ತದೆ. ಮೊದಲ ಮಹಿಳೆಯನ್ನು ಸೇರಿಸುವ ಮುಂಚೆಯೇ ದೇಶದ ಟ್ರಯಲ್‌ಗಳನ್ನು ದಾಖಲಿಸುವ ಸಿಟಿಆರ್‌ಐನಲ್ಲಿ ನೋಂದಣಿ ಆಗಬೇಕು. ಟ್ರಯಲ್‌ನಿಂದ ಹಾನಿಯಾದರೆ ಚಿಕಿತ್ಸೆ, ಪರಿಹಾರ ಯಾರು ಕೊಡುತ್ತಾರೆ ಅನ್ನುವುದು, ಎಥಿಕ್ಸ್ ಕಮಿಟಿಯ ಫೋನ್ ನಂಬರ್, ಎರಡೂ ಕನ್ನಡದ ಮಾಹಿತಿ ಪತ್ರದಲ್ಲಿ ಇರಲಿ. ತಾಂಡಾದಲ್ಲಿ ಲಂಬಾಣಿ, ಗಡಿ ಊರುಗಳಲ್ಲಿ ತೆಲುಗು ಮಾತಾಡುವವರು ತಂಡದಲ್ಲಿ ಬೇಕು.

ಕೊನೆಗೆ ಫಲಿತಾಂಶ. ಅವಳ ಹಿಮೋಗ್ಲೋಬಿನ್ ಎಷ್ಟು ಅನ್ನುವುದನ್ನು ರಿಪೋರ್ಟ್ ಬಂದ ತಕ್ಷಣ ಅವಳಿಗೇ ಹೇಳಿ, ತಾಯಿ ಕಾರ್ಡ್‌ನಲ್ಲಿ ಬರೆಸಿ. ಟ್ರಯಲ್ ಮುಗಿದ ಮೇಲೆ ಏನು ಗೊತ್ತಾಯಿತು ಅಂತ ಅದೇ ಅಂಗನವಾಡಿಗಳಿಗೆ ವಾಪಸ್ ಹೋಗಿ ಹೇಳುವ ಖರ್ಚನ್ನು ಈಗಲೇ ಬಜೆಟ್‌ನಲ್ಲಿ ಒಂದು ಸಾಲಾಗಿ ಬರೆಯಿರಿ. ಗ್ರಾಂಟ್ ಮುಗಿದ ಮೇಲೆ ಗಾಡಿಗೆ ಡೀಸೆಲ್ ದುಡ್ಡೂ ಇರಲ್ಲ, ಆಗ ಯಾರೂ ಹೋಗಲ್ಲ. ಡ್ರಿಪ್ ಒಳ್ಳೆಯದು ಅಂತ ಗೊತ್ತಾದರೆ ಮಾತ್ರೆಯ ಗುಂಪಿನಲ್ಲಿದ್ದವರು ಮುಂದಿನ ಬಸಿರಿಗೆ ಡ್ರಿಪ್ ಎಲ್ಲಿ ಸಿಗುತ್ತೆ ಅಂತ ಕೇಳೇ ಕೇಳುತ್ತಾರೆ, ಅದಕ್ಕೆ ತಾಲೂಕು ಆರೋಗ್ಯಾಧಿಕಾರಿ ಜೊತೆ ಈಗಿನಿಂದಲೇ ಮಾತಾಡಿ.

ನಿಮ್ಮ ಮಾಹಿತಿ ಪತ್ರದ ಕನ್ನಡ ಕರಡು ಆಗಿದ್ದರೆ ಇಲ್ಲಿ ಹಾಕಿ, ಓದಿ ಹೇಳುತ್ತೇನೆ. ಎಥಿಕ್ಸ್ ಕಮಿಟಿಗೆ ಕೊಡುವ ದಿನ ಯಾವುದು ಅನ್ನುವುದನ್ನೂ ಬರೆಯಿರಿ.